ಮೈಕು ಹಿಡಿದವಳು

ಹನ್ನೊಂದು ವರ್ಷದಿಂದ ಸ್ವರ್ಣಲತಾ ಮೈಕ್ ಸ್ಟ್ಯಾಂಡಾಗಿದ್ದಳು. ತಮಾಷೆಗೆ ಹೇಳುವ ಮಾತಲ್ಲ. ಹಳ್ಳಿಮೈಸೂರಿನ ಸೋಬಾನೆ ತಂಡದಲ್ಲಿ ಐದು ಜನ ಹೆಂಗಸರು. ನಾಲ್ವರು ಹಾಡುವವರು, ಒಬ್ಬಳು ಮೈಕು ಹಿಡಿಯುವವಳು. ಮದುವೆಮನೆಯಲ್ಲಿ ಎಲೆ ಹಾಕಿಸುವವರು ಕೂಡ ‘ನಾಲ್ಕು ಹಾಡೋರು, ಒಂದು ಮೈಕು’ ಎಂದೇ ಕೂಗಿ ಹೇಳುತ್ತಿದ್ದರು.

ತಂಡದ ಹಿರಿಯಳು ಅವಳ ಅತ್ತೆ ಕೃಷ್ಣಮ್ಮ. ಎಪ್ಪತ್ತು ದಾಟಿದ ಕೃಷ್ಣಮ್ಮನಿಗೆ ಮಂಡಿನೋವು ಬಂದ ಮೇಲೆ ಹಸೆಯ ಪಕ್ಕ ಚಾಪೆಯ ಮೇಲೆ ಕೂರುವುದು ಹೋಗಿ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ಚೌಟ್ರಿಗೆ ಬರುವ ಸೌಂಡ್ಸಿನವರ ಸ್ಟ್ಯಾಂಡುಗಳೋ, ನಿಂತು ಭಾಷಣ ಬಿಗಿಯುವ ಗಂಡಸರ ಎತ್ತರದವು. ತಗ್ಗಿಸಿದರೆ ತಿರುಪು ನಿಲ್ಲುವುದಿಲ್ಲ. ಮೊದಲ ನುಡಿಗೆ ಬಾಯಿಯ ಹತ್ತಿರವಿದ್ದ ಮೈಕು ಮೂರನೆಯ ನುಡಿಗೆ ಹೊಟ್ಟೆಯ ಹತ್ತಿರ ಬಂದು ಕೂರುತ್ತಿತ್ತು. ಹಾಗಾಗಿ ಸೊಸೆ ಪಕ್ಕದಲ್ಲಿ ಕೂತು ಹಿಡಿಯಬೇಕಾಯಿತು.

ಹಿಡಿದವಳು ಹಾಡುವಂತಿರಲಿಲ್ಲ. ಮೊದಲ ವರ್ಷ ಅರಕಲಗೂಡಿನ ಒಂದು ಮದುವೆಯಲ್ಲಿ ಸ್ವರ್ಣಲತಾ ಹುರುಪಿನಿಂದ ದನಿಗೂಡಿಸಿದಾಗ ಅವಳ ದನಿಯೇ ಮುಂದಾಗಿ, ಕೈ ಅಲುಗಿ, ಮೈಕು ಕುಂಯ್ ಎಂದು ಕಿರುಚಿ, ಪುರೋಹಿತರು ಮಂತ್ರ ನಿಲ್ಲಿಸಿ ತಿರುಗಿ ನೋಡಿದ್ದರು.

“ಇಡ್ಕಂಡೋಳು ಇಡ್ಕಬೇಕು, ಯೇಳೋರು ಯೇಳ್ಬೇಕು ಕಣವ್ವ,” ಎಂದು ಕೃಷ್ಣಮ್ಮ ಅವತ್ತೇ ತೀರ್ಪು ಕೊಟ್ಟಳು. ಅಲ್ಲಿಂದೀಚೆಗೆ ಸ್ವರ್ಣಲತಾ ಪ್ರತಿ ಪದವನ್ನೂ ಬರೀ ತುಟಿಯಲ್ಲಿ ಹಾಡಿ, ದನಿಯನ್ನು ಗಂಟಲಲ್ಲೇ ನುಂಗಿದ್ದಳು. ಎಣ್ಣೆ ಶಾಸ್ತ್ರದ್ದು, ಹಸೆಯದು, ಬೀಗರನ್ನು ಹಂಗಿಸುವುದು, ಹೆಣ್ಣು ಒಪ್ಪಿಸುವುದು, ಅವಳಿಗೆ ಬಾರದ ಪದ ಒಂದೂ ಇರಲಿಲ್ಲ. ಕೇಳಿದವರು ಮಾತ್ರ ಯಾರೂ ಇರಲಿಲ್ಲ.

ಈ ಸಲ ಕೃಷ್ಣಮ್ಮನೇ ಬಾಯಿಬಿಟ್ಟಳು. “ದಮ್ಮು ಸಾಲ್ತಿಲ್ಲ ಕಣೇ ಲತಾ. ಚನ್ನರಾಯಪಟ್ಣದ ಮದ್ವೇಲಿ ಅರ್ಧ ಪದ ನಾ ಯೇಳ್ತೀನಿ, ಅರ್ಧ ನೀ ಎತ್ಕೋ. ಆದ್ರೆ ಕೈಯೆಲ್ಡೂ ಮೈಕಲ್ಲಿದ್ರೆ ಅದೆಂಗೆ ಯೇಳೀಯೆ? ಆಗಕಿಲ್ಲ ಅಂದ್ರೆ ಈಗ್ಲೇ ಯೇಳ್ಬುಡು, ಒಳೆನರಸೀಪುರದ ಧನುಶ್ರೀನ ಕರ್ಕಬತ್ತೀನಿ.”

ಧನುಶ್ರೀ ಎಂದರೆ ಮೊಬೈಲಿನಲ್ಲಿ ಪದ ನೋಡಿಕೊಂಡು ಹಾಡುವ ಹುಡುಗಿ. ನಡುವೆ ಫೋನು ಬಂದರೆ ಪದ ಅಲ್ಲಿಗೇ ನಿಲ್ಲುತ್ತದೆ. ಅಂಥವಳು ತನ್ನ ಜಾಗಕ್ಕೆ ಬರುವುದೇ? “ಯಾರೂ ಬ್ಯಾಡ ಅತ್ತೆ, ನಾನೇ ಯೇಳ್ತೀನಿ. ಸ್ಟ್ಯಾಂಡ್ ತತ್ತೀನಿ,” ಎಂದಳು. ಮದುವೆಗೆ ಇನ್ನು ಮೂರು ವಾರವಿತ್ತು.

ಮೊದಲನೆಯದನ್ನು ಆನ್‌ಲೈನಿನಲ್ಲಿ ತರಿಸಿದಳು. ಚಿತ್ರದಲ್ಲಿ ಬಲು ಗತ್ತಿನಿಂದ ನಿಂತಿದ್ದ ಸ್ಟ್ಯಾಂಡು ಡಬ್ಬದಿಂದ ಹೊರಗೆ ಬಂದಾಗ ಹಂಚಿಕಡ್ಡಿಯಷ್ಟೇ ಹಗುರವಾಗಿತ್ತು. ಮನೆಯಲ್ಲಿ ಮೈಕಿಲ್ಲದ್ದರಿಂದ ಅದರ ಬಾಯಿಗೆ ಟಾರ್ಚು ಸಿಕ್ಕಿಸಿ ನೋಡಿದಳು. ಟಾರ್ಚು ಮೆಲ್ಲಗೆ ತಲೆ ಬಗ್ಗಿಸಿ ನೆಲ ನೋಡಿತು. ಬಿಗಿ ಮಾಡೋಣವೆಂದು ತಿರುಪು ತಿರುಗಿಸಿದರೆ ಅದರ ಪ್ಲಾಸ್ಟಿಕ್ ಕಿವಿ ಕೈಗೇ ಬಂತು.

“ಸುಮ್ಕೆ ಕೈಯಲ್ಲೇ ಇಡ್ಕೊಂಡ್ರೆ ನಿನ್ ಗಂಟೇನೋದದು?” ಎಂದ ಗಂಡ ಸುದರ್ಶನ್, ಜಮೀನಿನ ಕಡೆ ಹೊರಟವನು ಬಾಗಿಲಲ್ಲೇ ನಿಂತು. ಏನು ಹೋಗಿದೆ ಎಂದು ಅವಳು ಅವನಿಗೆ ಹೇಳಲಿಲ್ಲ. ಹೇಳಿದರೆ ಅರ್ಥವಾಗುವ ಆಸಾಮಿಯಾಗಿದ್ದರೆ ಹನ್ನೊಂದು ವರ್ಷದಲ್ಲಿ ಒಂದು ದಿನವಾದರೂ ತಾನಾಗಿಯೇ ಕೇಳುತ್ತಿದ್ದ.

ಹೊಳೆನರಸೀಪುರದ ಎಲೆಕ್ಟ್ರಿಕಲ್ ಅಂಗಡಿಯವನು ಇನ್ನೂ ಒಂದು ಕೈ ಮೇಲು. “ಭಾಷಣಕ್ಕಾ, ಆರ್ಕೆಸ್ಟ್ರಾಕ್ಕಾ?” ಎಂದು ಕೇಳಿದ. ಸೋಬಾನೆಗೆ ಎಂದಳು. “ಅಯ್ಯೋ, ಅದಕ್ಕೆಲ್ಲ ಸ್ಟ್ಯಾಂಡ್ ಯಾಕಮ್ಮ, ಹೆಂಗಸ್ರು ಕೂಗಿದ್ರೆ ಊರಿಗೇ ಕೇಳ್ತದೆ,” ಎಂದು ತನ್ನ ಮಾತಿಗೆ ತಾನೇ ನಕ್ಕ. ಕೊಟ್ಟಿದ್ದು ಮೇಜಿನ ಮೇಲೆ ಇಡುವ ಗೇಣುದ್ದದ ಸ್ಟ್ಯಾಂಡು. ಕುರ್ಚಿಯ ಮೇಲೆ ಕೂತವಳಿಗೆ ಅದು ಮೊಣಕಾಲಿಗೂ ಬರಲಿಲ್ಲ. ವಾಪಸು ಒಯ್ದರೆ ‘ಡಬ್ಬ ಬಿಚ್ಚಿದೀರಲ್ಲ’ ಎಂದ. ಬಿಚ್ಚದೆ ಅಳತೆ ನೋಡುವುದು ಹೇಗೆಂದು ಅವಳು ಕೇಳಿದಳು. ಅವನು ಅಷ್ಟರಲ್ಲಿ ಬಲ್ಬು ಕೇಳಿಕೊಂಡು ಬಂದ ಇನ್ನೊಬ್ಬರ ಕಡೆ ತಿರುಗಿದ್ದ.

ಎರಡು ವಾರ ಹೀಗೇ ಕಳೆಯಿತು. ಅಗ್ಗದ್ದು ನಿಲ್ಲದು, ನಿಲ್ಲುವುದು ಕೈಗೆಟುಕದು. ಒಂದು ಕೋಲು ನೆಟ್ಟಗೆ ನಿಲ್ಲಲಿ ಎಂದು ಕೇಳುವುದಕ್ಕೆ ಇಷ್ಟು ಜನರಿಂದ ಅನ್ನಿಸಿಕೊಳ್ಳಬೇಕೇ ಎಂದು ಅವಳಿಗೆ ರೇಗಿಹೋಯಿತು.

ಕೊನೆಗೆ ಹಾಸನಕ್ಕೆ ಹೋದಳು. ಹಾರ್ಮೋನಿಯಂ, ತಬಲ ಮಾರುವ ನಟರಾಜ್ ಎಂಬವರ ಅಂಗಡಿಯಲ್ಲಿ ಸ್ಟ್ಯಾಂಡುಗಳ ಒಂದು ಸಾಲೇ ಇತ್ತು. ಕುರ್ಚಿಯಲ್ಲಿ ಕೂತವರಿಗೆ ಅಡ್ಡ ಕಡ್ಡಿ ಇರುವಂಥದ್ದೇ ಬೇಕು ಎಂದು, ಇಷ್ಟು ದಿನದಲ್ಲಿ ಮೊದಲ ಸಲ, ಒಬ್ಬರು ತಿಳಿವಳಿಕೆಯ ಮಾತಾಡಿದರು. ಸ್ವರ್ಣಲತಾ ಚೀಲದಿಂದ ಒಂದು ಲೀಟರಿನ ನೀರಿನ ಬಾಟಲಿ ತೆಗೆದು, ದಾರ ಕಟ್ಟಿ, ಮೊದಲನೆಯ ಸ್ಟ್ಯಾಂಡಿನ ಕಡ್ಡಿಯ ತುದಿಗೆ ನೇತುಹಾಕಿದಳು. ಕಡ್ಡಿ ಬಗ್ಗಿತು. ಎರಡನೆಯದೂ ಬಗ್ಗಿತು. ಮೂರನೆಯದು ಸ್ಟ್ಯಾಂಡಿನ ಸಮೇತ ಮಗುಚಿತು.

“ಅಮ್ಮಾ, ಅದು ಮೈಕಿಗೆ ಮಾಡಿರೋದು, ನೀರು ಹೊರೋಕಲ್ಲ!” ಎಂದು ನಟರಾಜ್ ಎದ್ದು ಬಂದರು.

“ಮದ್ವೆಮನೇಲಿ ಮೈಕಿನ ವೈರ್ ಎಳೆಯೋ ಮಕ್ಳು ಬಾಟ್ಲಿಗಿಂತ ಭಾರ ಅವೆ ಸಾ,” ಎಂದಳು ಅವಳು.

ನಾಲ್ಕನೆಯದು ನಿಂತಿತು, ಆದರೆ ಅದರ ಮೂರು ಕಾಲುಗಳು ಒಂದು ಮಾರು ಜಾಗ ಹಿಡಿದಿದ್ದವು. ಹಸೆಯ ಹತ್ತಿರ ಓಡಾಡುವವರು ಎಡವದೆ ಬಿಡುವುದಿಲ್ಲ. ನಟರಾಜ್ ಒಳಗಿನಿಂದ ಹಳೆಯ ಸರಕೊಂದನ್ನು ಉರುಳಿಸಿಕೊಂಡು ಬಂದರು. ಅಡಿಯಲ್ಲಿ ದುಂಡನೆಯ ಎರಕದ ಕಬ್ಬಿಣ, ಪೂರ್ತಿ ಕಬ್ಬಿಣದ ತಿರುಪು, ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. ಬಾಟಲಿ ನೇತುಹಾಕಿದಳು. ನಟರಾಜ್ ಟೀ ತರಿಸಿ, ಕುಡಿದು, ಲೋಟ ಇಡುವವರೆಗೂ ಕಡ್ಡಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಬಣ್ಣ ಹೋದದ್ದನ್ನೇ ಹಿಡಿದು ಅವಳು ಚೌಕಾಸಿ ಮಾಡಿ, ಸಾವಿರದ ಎಂಟುನೂರಕ್ಕೆ ಇಳಿಸಿದಳು.

ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಅವಳ ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟ್ ಹರಿದ. ಕಬ್ಬಿಣವನ್ನು ನೋಡಿ ಲಗೇಜ್ ಟಿಕೆಟ್ ಹರಿದ. ಹೆಂಗಸಿಗೆ ಬಿಟ್ಟಿ, ಸ್ಟ್ಯಾಂಡಿಗೆ ದುಡ್ಡು. ಇಷ್ಟು ದಿನ ಎರಡೂ ನಾನೇ ಆಗಿದ್ದೆನಲ್ಲ ಎಂದು ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ. ಬೆನ್ನು ಬಿದ್ದುಹೋಗಿತ್ತು.

ಚನ್ನರಾಯಪಟ್ಟಣದ ಚೌಟ್ರಿಯಲ್ಲಿ ಬೆಳಗಿನ ಮುಹೂರ್ತ. ಸೌಂಡ್ಸಿನ ಪಾಪಯ್ಯ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಅಲ್ಲಾಡಿಸಿ ನೋಡಿ, “ಇದು ಗಟ್ಟಿ ಕುಳ ಕಣಮ್ಮ,” ಎಂದ. ಅತ್ತೆ ಸೊಸೆಯರ ಕುರ್ಚಿಗಳ ನಡುವೆ ಅದು ನಿಂತಿತು. ಮದುಮಗಳು ಹಸೆಗೆ ಬಂದಳು. ಕೃಷ್ಣಮ್ಮ ಪದ ಎತ್ತಿದಳು. ಮೂರು ನುಡಿಯಾದರೂ ಮೈಕು ಇದ್ದಲ್ಲೇ ಇತ್ತು. ಮಡಿಲಲ್ಲಿ ಖಾಲಿ ಬಿದ್ದಿದ್ದ ತನ್ನ ಎರಡು ಕೈಗಳನ್ನು ಏನು ಮಾಡಬೇಕೆಂದೇ ಸ್ವರ್ಣಲತಾಳಿಗೆ ತೋಚಲಿಲ್ಲ.

ನಾಲ್ಕನೆಯ ನುಡಿಗೆ ಕೃಷ್ಣಮ್ಮ ಅಡ್ಡ ಕಡ್ಡಿಯನ್ನು ಸೊಸೆಯ ಕಡೆ ತಿರುಗಿಸಿದಳು.

ಸ್ವರ್ಣಲತಾ ಹಾಡಿದಳು. ತುಟಿ ಸರಿಯಾಗಿಯೇ ಆಡಿತು, ಒಂದು ಅಕ್ಷರವೂ ತಪ್ಪಲಿಲ್ಲ. ಆದರೆ ಚೌಟ್ರಿಯಲ್ಲಿ ಏನೂ ಕೇಳಲಿಲ್ಲ. ಅವಳು ಗಾಬರಿಯಿಂದ ಮೈಕು ನೋಡಿದಳು, ತಿರುಪು ನೋಡಿದಳು, ವೈರು ನೋಡಿದಳು. ಪಾಪಯ್ಯ ದೂರದಿಂದ, “ಮೈಕ್ ಸರ್ಯಾಗೇ ಅದೆ, ನೀವ್ ಯೇಳಿ,” ಎಂದು ಸನ್ನೆ ಮಾಡಿ ವಾಲ್ಯೂಮ್ ಏರಿಸಿದ. ಅವಳು ಮತ್ತೆ ಬಾಯಿ ತೆರೆದಳು. ಬಂದದ್ದು ಬರೀ ಉಸಿರು. ಹನ್ನೊಂದು ವರ್ಷ ನುಂಗಿ ನುಂಗಿ ಗಂಟಲಿಗೆ ಅದೇ ಬುದ್ಧಿಯಾಗಿತ್ತು. ಎರಡು ಊರು ತಿರುಗಿ ತಂದ ಸ್ಟ್ಯಾಂಡು ಬಂಡೆಯ ಹಾಗೆ ನಿಂತಿದೆ, ಹಾಳಾಗಿರುವುದು ತಾನೇ ಎಂದು ತಿಳಿದಾಗ ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಹಿಂದಿನ ಸಾಲಿನಲ್ಲಿದ್ದ ತಂಡದ ಮೂವರು ಹೆಂಗಸರು ಮುಖ ಮುಖ ನೋಡಿಕೊಂಡರು. ಕೃಷ್ಣಮ್ಮ ಏದುಸಿರು ಬಿಡುತ್ತ ಆ ನುಡಿಯನ್ನು ತಾನೇ ಎಳೆದು ಮುಗಿಸಿದಳು.

ಬೆಳಗಿನಿಂದ ಎಲ್ಲರನ್ನೂ ಅತ್ತ ಸರಿಯಿರಿ ಇತ್ತ ಸರಿಯಿರಿ ಎಂದು ಗೋಳಾಡಿಸುತ್ತಿದ್ದ ಫೋಟೋದ ಸುನೀಲ್‌ಕುಮಾರ್ ಆಗಲೇ ಬಂದ. “ಮೇಡಂ, ಈ ಕಬ್ಬಿಣ ಹುಡುಗಿ ಪಕ್ಕದಲ್ಲೇ ಫ್ರೇಮಿಗೆ ಬರ್ತಿದೆ. ನೀವು ಮೈಕ್ ಕೈಯಲ್ಲಿ ಹಿಡ್ಕೊಳ್ಳಿ, ಇದನ್ನ ಆಚೆ ಇಡ್ತೀನಿ,” ಎಂದವನೇ ಸ್ಟ್ಯಾಂಡಿಗೆ ಕೈ ಹಾಕಿದ.

“ಮುಟ್ಟಬ್ಯಾಡ!”

ನಾಲ್ಕೂ ಸ್ಪೀಕರಿನಲ್ಲಿ ಅದು ಸಿಡಿಯಿತು. ಅಡುಗೆಮನೆಯಿಂದ ಭಟ್ಟರು ಸೌಟು ಹಿಡಿದೇ ಇಣುಕಿದರು.

“ಮುಟ್ಟಬ್ಯಾಡ ಅಂದೆ! ಅನ್ನೊಂದು ವರ್ಸ ಇಡ್ದಿದೀನಿ. ಇನ್ ಇಡಿಯಕಿಲ್ಲ. ನಿನ್ ಕ್ಯಾಮ್ರಾನೇ ಆ ಕಡೆಗ್ ಎತ್ಕಂಡೋಗು!”

ಸುನೀಲ್‌ಕುಮಾರ್ ಎರಡು ಹೆಜ್ಜೆ ಹಿಂದೆ ಸರಿದ. ಇಡೀ ಮದುವೆಯ ಮುಂದೆ ಮಾನ ಹರಾಜಾಯಿತು ಎಂದು ಸ್ವರ್ಣಲತಾ ತಲೆ ತಗ್ಗಿಸುವಷ್ಟರಲ್ಲಿ ಕೃಷ್ಣಮ್ಮ ಅವಳ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು.

“ಇದೇ ದನಿ ಕಣೇ,” ಎಂದಳು. “ಬುಟ್ಬುಡಬ್ಯಾಡ. ಇದ್ರಲ್ಲೇ ಎತ್ಕೋ ಪದವ.”

ಸ್ವರ್ಣಲತಾ ಎತ್ತಿಕೊಂಡಳು. ಮೊದಲ ಸೊಲ್ಲು ಬೀದಿ ಜಗಳದಂತೆಯೇ ಕೇಳಿಸಿತು; ಹಸೆಯ ಮೇಲಿದ್ದ ಮದುಮಗಳು ತಲೆಯೆತ್ತಿ ನಕ್ಕಳು. ಎರಡನೆಯ ಸೊಲ್ಲಿಗೆ ಅದು ಪದವಾಯಿತು. ಅವಳು ನುಡಿ ಮುಗಿಸಿ ಉಸಿರು ತೆಗೆದುಕೊಂಡಾಗ ಹಿಂದಿನ ಹೆಂಗಸರು ಮರುದನಿ ಕೊಟ್ಟರು, ಅವರ ಜೊತೆಗೆ ಕೃಷ್ಣಮ್ಮನೂ.