ಬಾವಿಯಿಂದ ಎರಡನೆಯ ಸಲ

ಚಿಕ್ಕಹನುಮಂತಪ್ಪ ತಾನು ಸಾಯುವುದನ್ನು ನೋಡಿದ್ದು ಹೊನ್ನಾಳಿಯ ಟಾಕೀಸಿನಲ್ಲಿ, ಬೆಂಚಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಾಗ.

ಕತ್ತಲಗೆರೆಯ ಅರ್ಧ ಊರು ಟ್ರಾಕ್ಟರಿನ ಟ್ರೇಲರಿನಲ್ಲಿ ತುಂಬಿಕೊಂಡು ಬಂದಿತ್ತು. ತಮ್ಮ ಕೇರಿಯ ಬಾವಿಗೆ ಚಿರತೆ ಬಿದ್ದ ಸಂಗತಿ ಸಿನಿಮಾ ಆಗಿದೆ ಎಂದ ಮೇಲೆ ಮನೆಯಲ್ಲಿ ಕೂರುವವರು ಯಾರು? ಪೋಸ್ಟರಿನ ಕೆಳಗೆ ‘ನಡೆದ ಕಥೆ’ ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಓದಬಲ್ಲವರು ಓದಲಾರದವರಿಗೆ ಅದನ್ನು ಓದಿ ಹೇಳಿ ಒಳಗೆ ಹೋದರು. ಎಪ್ಪತ್ತೊಂಬತ್ತನೇ ಇಸವಿಯ ಆ ಬೇಸಗೆಯ ಸೆಕೆಯಲ್ಲಿ, ಪರದೆಯ ಮೇಲಿನ ಚಿಕ್ಕಹನುಮಂತಪ್ಪ ಮೀಸೆ ತಿರುವಿ, ಮಚ್ಚು ಹಿಡಿದು ಬಾವಿಗೆ ಹಾರಿದ. ಚಿರತೆಯ ಕುತ್ತಿಗೆ ಹಿಸುಕಿದ, ತಾನೂ ಸತ್ತ. ಪರದೆಯ ಮೇಲಿನ ಹೆಂಡತಿ ಬಾವಿಕಟ್ಟೆಗೆ ಎರಡೂ ಕೈ ಬಡಿದು ಬಳೆ ಒಡೆದುಕೊಂಡಳು. ಊರಿಗೆ ಊರೇ ಹೆಣದ ಮೇಲೆ ಹೂವು ಎರಚಿತು.

ಟಾಕೀಸಿನಲ್ಲಿ ಅಳದವರಿರಲಿಲ್ಲ. ಚಿಕ್ಕಹನುಮಂತಪ್ಪನೂ ಟವೆಲಿನಿಂದ ಕಣ್ಣೊರೆಸಿಕೊಂಡ. ಪಕ್ಕದಲ್ಲಿದ್ದ ನೆರೆಮನೆಯ ಬೋರಣ್ಣ ಅವನ ತೊಡೆಯ ಮೇಲೆ ಕೈಯಿಟ್ಟು, “ಎಂಥಾ ಮನುಷ್ಯ ಹೋಗಿಬಿಟ್ನಲ್ಲೋ,” ಅಂದ.

“ಹೂಂ,” ಅಂದ ಚಿಕ್ಕಹನುಮಂತಪ್ಪ. ಹಾಗೆ ಅನ್ನಬಾರದಿತ್ತು ಅಂತ ಅವನಿಗೆ ಹೊಳೆದದ್ದು ಟ್ರೇಲರ್ ಹೊನ್ನಾಳಿ ದಾಟಿದ ಮೇಲೆ.

ನಿಜವಾಗಿ ನಡೆದದ್ದು ಬೇರೆ. ಹತ್ತು ಹನ್ನೆರಡು ವರ್ಷದ ಹಿಂದೆ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ಕೇರಿಯ ಬಾವಿಗೆ ಬಿದ್ದಿತ್ತು. ಬೆಳಿಗ್ಗೆ ನೀರು ಸೇದಲು ಹೋದ ಚಿಕ್ಕಹನುಮಂತಪ್ಪ ಬಗ್ಗಿ ನೋಡಿದಾಗ ಕೆಳಗಿನಿಂದ ಎರಡು ಕಣ್ಣು ಅವನನ್ನು ನೋಡಿದವು. ಬೆದರಿ ಕಾಲು ಜಾರಿ, ಹೆಂಡತಿಯ ತವರಿನಿಂದ ಬಂದಿದ್ದ ತಾಮ್ರದ ಕೊಡದ ಸಮೇತ ಒಳಗೆ ಬಿದ್ದ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಗೋಡೆಯಿಂದ ಎರಡು ಕಲ್ಲು ಎದುರುಬದುರಾಗಿ ಚಾಚಿಕೊಂಡಿದ್ದವು. ಒಂದರ ಮೇಲೆ ಚಿರತೆ, ಇನ್ನೊಂದರ ಮೇಲೆ ಅವನು. ಹೊತ್ತು ಇಳಿಯುವವರೆಗೆ ಒಬ್ಬರನ್ನೊಬ್ಬರು ನೋಡುತ್ತ, ನಡುಗುತ್ತ ಕೂತಿದ್ದರು. ಕೊನೆಗೆ ಊರವರು ಮಲಗುವ ಹೊರಸೊಂದರ ನಾಲ್ಕು ಕಾಲುಗಳಿಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಚಿರತೆ ಮೊದಲು ಹತ್ತಿತು. ಮೇಲೆ ಬಂದು, ಯಾರ ಮುಖವನ್ನೂ ನೋಡದೆ ಕಬ್ಬಿನ ಗದ್ದೆಗೆ ಹೋಯಿತು. ಹೊರಸು ಮತ್ತೆ ಇಳಿಯಿತು, ಅವನು ಹತ್ತಿದ. ಅಷ್ಟೇ.

ಅವತ್ತು ಊರಿಗೆ ಬಂದಿದ್ದ ದನದ ಡಾಕ್ಟರು ತಿಪ್ಪೇರುದ್ರಸ್ವಾಮಿ ಇದನ್ನು ಕಣ್ಣಾರೆ ನೋಡಿ ‘ಬಾವಿಯಲ್ಲಿ ಇಬ್ಬರು’ ಅಂತ ಪುಸ್ತಕ ಬರೆದರು. ಸಿನಿಮಾದವರು ತೆಗೆದುಕೊಂಡದ್ದು ಆ ಪುಸ್ತಕವನ್ನೇ. ಅದರಲ್ಲಿ ಅವನ ಹೆಂಡತಿ ಭೀಮಕ್ಕನ ಬಗ್ಗೆ ಇದ್ದದ್ದು ಒಂದೇ ಮಾತು: ‘ಆತನ ಹೆಂಡತಿ ಅಲ್ಲಿಯೇ ನಿಂತಿದ್ದಳು.’ ನಿಂತಿದ್ದಳು, ಹೌದು. ಗಂಡ ನಡುಗುತ್ತ ಮೇಲೆ ಬಂದಾಗ ಆಕೆ ಕೇಳಿದ್ದು, “ಕೊಡ ಎಲ್ಲೈತ್ರಿ?” ಅದನ್ನು ಡಾಕ್ಟರು ಬರೆದಿರಲಿಲ್ಲ. ಆಮೇಲೆ ಬಾವಿಗೆ ಬಿದ್ದ ಪಾತ್ರೆ ತೆಗೆಯುವ ಪಾತಾಳಗರಡಿಯನ್ನು ಎಷ್ಟು ಸಲ ಇಳಿಬಿಟ್ಟರೂ ಆ ಕೊಡ ಕೊಕ್ಕೆಗೆ ಸಿಕ್ಕಿರಲಿಲ್ಲ.

ಮರುದಿನ ಚಹಾದಂಗಡಿಯಲ್ಲಿ ಚಿಕ್ಕಹನುಮಂತಪ್ಪ ಹೇಳಿದ: “ಪಿಚ್ಚರ್ ಚೆನ್ನಾಗೈತೆ. ಇಲ್ಲ ಅನ್ನಲ್ಲ. ಆದ್ರೆ ಪುಸ್ತಕ ಓದ್ರಿ. ಅದರಾಗೆ ನಾನು ಸಾಯಲ್ಲ.”

“ನೀನು ಸಾಯದಿದ್ರೆ ಅದರಾಗೆ ಓದಾಕೆ ಏನೈತೆ?” ಅಂದ ಬೋರಣ್ಣ.

“ನಡೆದಿದ್ದು ಐತೆ.”

“ನಡೆದಿದ್ದು ನಮಗೆ ಗೊತ್ತಿಲ್ವಾ? ನಿನ್ನ ಚಟ್ಟಕ್ಕೆ ಹೆಗಲು ಕೊಟ್ಟೋನು ನಾನು.”

“ನೀನು ಹೊರಸಿನ ಹಗ್ಗ ಹಿಡಿದಿದ್ದೆ, ಬೋರಣ್ಣ.”

ಬೋರಣ್ಣ ಚಹಾದ ಲೋಟ ಕೆಳಗಿಟ್ಟು, “ಹಗ್ಗಾನೂ ಹಿಡಿದೆ,” ಅಂದ.

ಚಿಕ್ಕಹನುಮಂತಪ್ಪ ಬದುಕಿಲ್ಲ ಅಂತ ಯಾರೂ ಅನ್ನಲಿಲ್ಲ. ಚಹಾಕ್ಕೆ ಕರೆಯುತ್ತಿದ್ದರು, ಗದ್ದೆಯಲ್ಲಿ ನೀರಿನ ಮಡೆ ಕಟ್ಟಲು ಕರೆಯುತ್ತಿದ್ದರು. ಆದರೆ ಹೊರಊರಿನವರು ಬಂದು ಬಾವಿ ತೋರಿಸಿ ಅಂದರೆ, ಅವನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡೇ, “ಇಲ್ಲೇ ನೋಡ್ರಿ ಪ್ರಾಣ ಬಿಟ್ಟಿದ್ದು,” ಎನ್ನುತ್ತಿದ್ದರು. ಸಿನಿಮಾ ಸುಳ್ಳು ಅಂದರೆ ಊರಿಗೆ ಬಂದ ಹೆಸರೂ ಸುಳ್ಳಾಗುತ್ತಿತ್ತು. ಅವನೂ ಸುಮ್ಮನಿದ್ದ. ಒಬ್ಬ ಮಾಸ್ತರು ಅವನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಾಗ ಅವನಿಗೆ ಒಳಗೊಳಗೇ ಹಿತವೂ ಆಗಿತ್ತು.

ಹಿತ ಬಹಳ ದಿನ ಉಳಿಯಲಿಲ್ಲ. ಭೀಮಕ್ಕನ ಅಣ್ಣ ನಾಗೇಂದ್ರಪ್ಪ ಅದೇ ಕೇರಿಯವನು. ಅವನ ಮಗಳನ್ನು ಸವಳಂಗಕ್ಕೆ ಕೊಡುವುದು ನಿಶ್ಚಯವಾಗಿತ್ತು. ಮದುವೆಯ ಮೊದಲ ಶಾಸ್ತ್ರ ಗಂಗೆ ತರುವುದು. ಮುತ್ತೈದೆಯರು ಬಾವಿಗೆ ಹೋಗಿ ಪೂಜೆ ಮಾಡಿ ನೀರು ತರಬೇಕು. ಎಲ್ಲರಿಗಿಂತ ಮುಂದಿನ ಕೊಡ ಹೊರುವುದು ಹುಡುಗಿಯ ಸೋದರತ್ತೆ. ಅಂದರೆ ಭೀಮಕ್ಕ. ತೊಟ್ಟಿಲಿನಿಂದ ಎತ್ತಿ ಆಡಿಸಿದ ಹುಡುಗಿಗೆ ಗಂಗೆ ತರುವುದಕ್ಕೆಂದೇ ಆಕೆ ಹಸಿರು ಸೀರೆ ತೆಗೆದಿಟ್ಟಿದ್ದಳು. ಗಂಡಿನ ತಾಯಿ ಅಂತರಘಟ್ಟಮ್ಮ ಮಾತುಕತೆಗೆ ಬಂದವರು ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು, ಮೆಲ್ಲಗೆ ವಿಷಯ ತೆಗೆದರು.

“ಬ್ಯಾರೆ ಯಾರ ಕೈಲಾದ್ರೂ ಗಂಗೆ ತರಿಸ್ರಿ, ಬೀಗ್ರೆ.”

“ಯಾಕ್ರಿ? ಸೋದರತ್ತೆ ಇದಾಳಲ್ಲ,” ಅಂದ ನಾಗೇಂದ್ರಪ್ಪ.

“ಇದಾರೆ. ಬಳೆ ಒಡಕೊಂಡಿದ್ದನ್ನ ನಮ್ಮ ಸವಳಂಗದೋರೆಲ್ಲ ನೋಡಿದಾರೆ. ನಾನು ಹೊನ್ನಾಳಿಗೆ ಎರಡು ಸಲ ಹೋಗಿ ನೋಡೀನಿ.”

ಚಿಕ್ಕಹನುಮಂತಪ್ಪ ಅವರ ಎದುರಿಗೇ ಕೂತಿದ್ದ. “ಅಮ್ಮಾ, ನಾನು ಇಲ್ಲೇ ಇದೀನಲ್ಲ,” ಅಂದ.

“ಅಣ್ಣಾ, ನೀವಿರೋದು ನನಗೆ ಕಾಣಲ್ವಾ? ಈಗ ತಾನೇ ಜೊತೆಗೆ ಊಟಕ್ಕೆ ಕುಂತಿದ್ರಿ. ಆದ್ರೆ ಜನದ ಬಾಯಿ ಯಾರ ಕೈಲಿ ಮುಚ್ಚಾಕೆ ಆಗ್ತೈತೆ? ನಾಳೆ ಮನ್ಯಾಗೆ ಏನೋ ಒಂದು ಹೆಚ್ಚುಕಮ್ಮಿ ಆದ್ರೆ, ಎಂಥಾ ಕೈಲಿ ಗಂಗೆ ತರಿಸಿದ್ರಿ ಅಂತಾರೆ. ಸೊಸೆ ಮ್ಯಾಲೆ ಬರ್ತೈತೆ ಅದು.”

ಭೀಮಕ್ಕ ಒಳಗಿನಿಂದ ಎಲ್ಲ ಕೇಳಿಸಿಕೊಂಡಳು. ಮರುದಿನ ರೊಟ್ಟಿ ಬಡಿಯುತ್ತ ಗಂಡನಿಗೆ ಹೇಳಿದಳು: “ಟಾಕೀಸಿನಾಗೆ ಕುಂತು ಅಳೋವಾಗ ಗೊತ್ತಾಗಲಿಲ್ವಾ? ನಿಮ್ಮ ಸಾವಿಗೆ ನೀವೇ ಅತ್ತಿದ್ದನ್ನ ಊರೆಲ್ಲ ನೋಡೈತೆ.”

ಬಳೆ ತುಂಬಿದ ಕೈಯಲ್ಲಿ ಆಕೆ ರೊಟ್ಟಿ ತಟ್ಟುವುದನ್ನು ನೋಡುತ್ತ ಕೂತಿದ್ದ ಚಿಕ್ಕಹನುಮಂತಪ್ಪ ಎದ್ದು ಜಗಳೂರಿನ ದಾರಿ ಹಿಡಿದ.

ತಿಪ್ಪೇರುದ್ರಸ್ವಾಮಿ ಪಿಂಚಣಿ ತೆಗೆದುಕೊಂಡು ಜಗಳೂರಿನಲ್ಲಿದ್ದರು. ಬಾಗಿಲು ತೆಗೆದವರು ಅವನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. “ಓ, ನೀನು. ಹೌದಲ್ಲ, ನೀನು ಇರಬೇಕು,” ಅಂತ ಕುರ್ಚಿ ತೋರಿಸಿದರು.

“ನೀವೇ ಬರೆದು ನೀವೇ ಮರೆತ್ರೇನ್ರಿ ಡಾಕ್ಟ್ರೇ?”

“ಮರೆತಿಲ್ಲಪ್ಪ. ಆದರೆ ಆ ಬಳೆ ಒಡೆಯೋ ಸೀನು ಇದೆಯಲ್ಲ… ಮನೆಯವರು ಎರಡು ದಿನ ಊಟ ಮಾಡಲಿಲ್ಲ. ಹೊರಸಿನ ಮೇಲೆ ಕೂತು ಮೇಲೆ ಬರೋ ಹೀರೋನ ಯಾರು ನೋಡ್ತಾರೆ ಅಂತ ಸಿನಿಮಾದವರು ಕೇಳಿದರು. ನಾನು ಏನು ಹೇಳಲಿ?” ಅವರು ಅಟ್ಟದಿಂದ ಒಂದು ಕಟ್ಟು ಇಳಿಸಿ ಧೂಳು ಹೊಡೆದರು. ಮಾರಾಟವಾಗದೆ ಉಳಿದ ಪುಸ್ತಕಗಳು; ಅಂಚನ್ನು ಗೆದ್ದಲು ಸ್ವಲ್ಪ ರುಚಿ ನೋಡಿತ್ತು. “ತಗೊಂಡು ಹೋಗು. ಓದಿಸು. ನನ್ನ ಕೈಲಿ ಆಗಲಿಲ್ಲ.”

ಅವನು ಮನೆಮನೆಗೆ ಹೋಗಿ ಪುಸ್ತಕ ಕೊಟ್ಟ. ಬೀಜದ ಭತ್ತ ಕೊಡುವಾಗ ಹೇಗೆ ಬಿತ್ತಬೇಕೆಂದು ಹೇಳುವಂತೆ, ಎಲ್ಲಿಂದ ಓದಬೇಕೆಂದೂ ಹೇಳಿಕೊಟ್ಟ. “ಮೊದಲಿನ ಹಾಳೆಗಳಾಗೆ ಊರಿನ ಮಳೆ, ಬೆಳೆ ಐತೆ. ಅದನ್ನ ಬಿಡ್ರಿ. ಇಲ್ಲಿಂದ ಓದ್ರಿ, ನಾನು ಬೀಳೋದರಿಂದ.” ಒಂದು ವಾರ ಬಿಟ್ಟು ವಿಚಾರಿಸಲು ಹೋದರೆ ಒಬ್ಬರ ಮನೆಯಲ್ಲಿ ಪುಸ್ತಕ ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಳದ ಕೆಲಸ ಮಾಡುತ್ತಿತ್ತು. ಇನ್ನೊಬ್ಬರು ಓದಿದ್ದರು. “ಹಾಡು ಇಲ್ಲ, ಹೊಡೆದಾಟ ಇಲ್ಲ. ಇಬ್ರೂ ಸುಮ್ನೆ ಕುಂತಿರ್ತೀರಿ,” ಅಂದರು. ಬೋರಣ್ಣ ಮಾತ್ರ, “ಓದ್ತಾ ಇದೀನಿ, ಅವಸರ ಮಾಡಬ್ಯಾಡ,” ಅನ್ನುತ್ತಲೇ ಇದ್ದ.

ಅಷ್ಟರಲ್ಲಿ ಪಂಚಾಕ್ಷರಪ್ಪನವರ ಟೂರಿಂಗ್ ಟಾಕೀಸು ಬಸವಾಪಟ್ಟಣದಲ್ಲಿ ಟೆಂಟು ಹಾಕಿತು. ಹಾಕಿದ ಸಿನಿಮಾ ಅದೇ. ಚಿಕ್ಕಹನುಮಂತಪ್ಪ ಬೆಳಿಗ್ಗೆಯೇ ಹೋಗಿ ಟೆಂಟಿನ ಹಗ್ಗ ಬಿಗಿಯುತ್ತಿದ್ದವರ ಮಧ್ಯೆ ಪಂಚಾಕ್ಷರಪ್ಪನವರನ್ನು ಹುಡುಕಿ ಹಿಡಿದ.

“ಒಂದಿನ ಕೊನೇ ರೀಲು ಹಾಕಬ್ಯಾಡ್ರಿ.”

“ಹೀರೋ ಸಾಯದಿದ್ರೆ ಜನ ನನ್ನ ಸಾಯಿಸ್ತಾರೆ.”

“ಅಲ್ಲಿಗೆ ನಿಲ್ಸಿರಿ. ಮುಂದಿಂದನ್ನ ನಾನು ಪುಸ್ತಕ ನೋಡಿ ಓದ್ತೀನಿ.”

“ನೀನ್ಯಾರಪ್ಪ?”

“ನಾನೇ ಸತ್ತೋನು.”

ಪಂಚಾಕ್ಷರಪ್ಪ ವ್ಯಾಪಾರ ಬಲ್ಲವರು. ಆವತ್ತು ಮಧ್ಯಾಹ್ನದಿಂದಲೇ ಅವರ ಜೀಪಿನ ಮೈಕು ಕತ್ತಲಗೆರೆ, ಸವಳಂಗದ ದಾರಿಯಲ್ಲೆಲ್ಲ ಕೂಗಿತು: “ಇಂದಿನ ಮೊದಲ ಆಟಕ್ಕೆ ವೀರಮರಣ ಹೊಂದಿದವರು ಖುದ್ದಾಗಿ ಬರುತ್ತಾರೆ. ತಪ್ಪದೆ ಬನ್ನಿ.”

ಟೆಂಟು ಕಿಕ್ಕಿರಿಯಿತು. ಅಂತರಘಟ್ಟಮ್ಮನೂ ತಮ್ಮ ಕಡೆಯವರನ್ನು ಕಟ್ಟಿಕೊಂಡು ಬಂದು ಮುಂದೆಯೇ ಚಾಪೆ ಹಾಸಿದರು. ಹೀರೋ ಮಚ್ಚು ಹಿಡಿದು ಬಾವಿಗೆ ಹಾರಿದ. ಪರದೆ ಬೆಳ್ಳಗಾಯಿತು, ದೀಪ ಹತ್ತಿತು. ಚಿಕ್ಕಹನುಮಂತಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪರದೆಯ ಮುಂದೆ ನಿಂತು, ಅಕ್ಷರದ ಮೇಲೆ ಬೆರಳಿಟ್ಟು ಓದಿದ.

“‘ಚಿರತೆಯು ಕೆಮ್ಮಿತು. ಸ್ವಲ್ಪ ಹೊತ್ತಿನ ಮೇಲೆ ಆತನೂ ಕೆಮ್ಮಿದನು.’”

ಯಾರೋ ಹಿಂದಿನಿಂದ, “ಮಚ್ಚು ಎಲ್ಲಿಗೆ ಹೋತು?” ಅಂತ ಕೇಳಿದರು.

“ಮಚ್ಚು ಇರಲಿಲ್ಲ. ಕೊಡ ಇತ್ತು,” ಅಂದು ಮುಂದುವರಿಸಿದ. ಹೊರಸು ಇಳಿದದ್ದು, ಚಿರತೆ ಹತ್ತಿದ್ದು, ತಾನು ಹತ್ತಿದ್ದು ಎಲ್ಲ ಓದಿ ಮುಗಿಸಿ ಕೈಮುಗಿದ. ಟೆಂಟಿನಲ್ಲಿ ಬಿಕ್ಕಳಿಕೆ ಇಲ್ಲ, ಸಿಳ್ಳೆ ಇಲ್ಲ. ಶೇಂಗಾದ ಸಿಪ್ಪೆ ಮುರಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು. ಟೆಂಟಿನ ಹೊರಗೆ ಅವನು ಅಂತರಘಟ್ಟಮ್ಮನ ಮುಂದೆ ಹೋಗಿ ನಿಂತ.

“ಈಗೇನಂತೀರಮ್ಮಾ?”

ಅವರು ಸೆರಗು ಹೊದ್ದು ನ್ಯಾಯವಾಗಿ ಯೋಚಿಸಿದರು. “ಸಾಯೋದನ್ನ ಇವತ್ತು ನಮ್ಮೋರು ನೋಡಲಿಲ್ಲ. ಅದು ಒಳ್ಳೇದಾತು. ಆದ್ರೆ ಅಣ್ಣಾ, ನೀವು ಬಾವಿಗೆ ಹಾರಿದ್ದನ್ನ ನೋಡಿದ್ವಿ. ಮ್ಯಾಲೆ ಬಂದಿದ್ದನ್ನ ಬರೀ ಕೇಳಿದ್ವಿ. ನೋಡಿದ್ದೂ ಕೇಳಿದ್ದೂ ಒಂದೇ ಆಗ್ತೈತಾ?”

“ಹಂಗಾದ್ರೆ ಇವ್ನು ಈಗ ಎಲ್ಲಿದಾನೆ ಅಂತ ಲೆಕ್ಕ?” ಬೋರಣ್ಣ ಕೇಳಿದ.

“ಬಾವ್ಯಾಗೆ,” ಅಂದರು ಅಂತರಘಟ್ಟಮ್ಮ.

ಇದು ಎಲ್ಲರಿಗೂ ಸರಿಯಾಗಿ ಕಂಡಿತು. ಬಾವಿಯಲ್ಲಿದ್ದವನನ್ನು ಮೇಲೆ ತೆಗೆಯುವುದು ಕಷ್ಟದ ಕೆಲಸವಲ್ಲ, ಒಂದು ಸಲ ಮಾಡಿದ್ದೇ.

ಗಂಗೆ ತರುವ ದಿನ ಬಿಸಿಲೇರುವ ಮೊದಲೇ ಎರಡೂ ಕಡೆಯ ಜನ ಬಾವಿಯ ಸುತ್ತ ನಿಂತರು. ವಾಲಗದವರು ಕಟ್ಟೆಯ ಮೇಲೆ ಕೂತರು. ಭೀಮಕ್ಕ ಹಸಿರು ಸೀರೆ ಉಟ್ಟು, ಗುಂಪಿನಿಂದ ಆಚೆ, ಖಾಲಿ ಕೈಯಲ್ಲಿ ನಿಂತಿದ್ದಳು. ಅವಳ ಕೈಗೆ ಕೊಡ ಕೊಡಬೇಕೋ ಬೇಡವೋ ಎನ್ನುವುದು ಇನ್ನೂ ತೀರ್ಮಾನವಾಗಿರಲಿಲ್ಲ. ಹೊರಸಿಗೆ ಹಗ್ಗ ಕಟ್ಟಿ ಚಿಕ್ಕಹನುಮಂತಪ್ಪನನ್ನು ಇನ್ನೇನು ಇಳಿಸಬೇಕು, ಬೋರಣ್ಣ ತಡೆದ.

“ಹಿಂಗೆ ಬರಂಗಿಲ್ಲ. ಚಿರತೆ ಮೊದಲು ಬರಬೇಕು. ಪುಸ್ತಕದಾಗೆ ಹಂಗೈತೆ.”

ಚಿಕ್ಕಹನುಮಂತಪ್ಪ ಅವನ ಮುಖ ನೋಡಿದ. “ಓದಿದ್ಯಾ?”

“ಅವಸರ ಮಾಡಬ್ಯಾಡ ಅಂದಿದ್ನಲ್ಲ.”

ಚಿರತೆಯನ್ನು ಎಲ್ಲಿಂದ ತರುವುದು? ಬೋರಣ್ಣನೇ ತನ್ನ ಮನೆಯ ಪಟ್ಟೆಪಟ್ಟೆ ಬೆಕ್ಕನ್ನು ಹಿಡಿದು ತಂದ. ಬೆಕ್ಕು ಬುಟ್ಟಿಯಲ್ಲಿ, ಮನುಷ್ಯ ಹೊರಸಿನಲ್ಲಿ, ಇಬ್ಬರೂ ಇಳಿದರು. ಕೆಳಗೆ ಅದೇ ತಣ್ಣನೆಯ ಪಾಚಿ ವಾಸನೆ, ಅದೇ ಎರಡು ಕಲ್ಲು. ಬೆಕ್ಕನ್ನು ಎದುರಿನ ಕಲ್ಲಿನ ಮೇಲೆ ಬಿಟ್ಟು ಅವನು ತನ್ನ ಕಲ್ಲಿನ ಮೇಲೆ ಕೂತ. ಮೇಲೆ ದುಂಡನೆಯ ಆಕಾಶ, ಅಂಚಿಗೆಲ್ಲ ತಲೆಗಳು. ಬೆಕ್ಕು ಅವನನ್ನು ನೋಡಿತು, ಅವನು ಬೆಕ್ಕನ್ನು ನೋಡಿದ.

ಬೆಕ್ಕು ಹೊರಸಿಗೆ ಹತ್ತಲು ಒಪ್ಪಲಿಲ್ಲ. ಪುಸ್ತಕದ ಚಿರತೆ ಎಷ್ಟೋ ಸಂಭಾವಿತ. ಅದನ್ನು ಹಿಡಿಯಲೆಂದು ಅವನು ಮೊಣಕಾಲುದ್ದದ ನೀರಿಗೆ ಇಳಿದು ಆಚೆ ಬಗ್ಗಿದಾಗ, ಬೇಸಗೆಗೆ ಬತ್ತಿದ ನೀರಿನ ಅಂಚಿನಲ್ಲಿ, ಬೆಕ್ಕಿನ ಕಲ್ಲಿನ ಅಡಿಯ ಸಂದಿಯಲ್ಲಿ, ಪಾಚಿ ಹಿಡಿದ ಒಂದು ದುಂಡು ಕಂಠ ಕಂಡಿತು. ಕೊಕ್ಕೆ ತಲುಪದ ಜಾಗ. ಕೈ ಹಾಕಿ ಅಲ್ಲಾಡಿಸಿದ, ಎಳೆದ.

ಮೇಲಿನವರು ಮೊದಲು ಕಂಡದ್ದು ಬೆಕ್ಕನ್ನು. ಅದು ಕಟ್ಟೆ ಮುಟ್ಟುತ್ತಲೇ ಹಾರಿ, ಯಾರ ಮುಖವನ್ನೂ ನೋಡದೆ ಹೋಯಿತು. “ಥೇಟ್ ಹಂಗೇ,” ಅಂದ ಬೋರಣ್ಣ. ಎರಡನೆಯ ಸಲ ಹೊರಸು ಏರಿತು. ಚಿಕ್ಕಹನುಮಂತಪ್ಪ ಕೆಸರು ಮೆತ್ತಿಕೊಂಡು, ಕೊಡವನ್ನು ಮಡಿಲಿನಲ್ಲಿಟ್ಟುಕೊಂಡು ಕೂತಿದ್ದ.

ಭೀಮಕ್ಕ ಗುಂಪು ಸೀಳಿಕೊಂಡು ಮುಂದೆ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಕೊಡ ಚಾಚಿದ. ಅವಳು ಅದನ್ನು ತಿರುಗಿಸಿ ನೋಡಿದಳು, ಸೆರಗಿನಿಂದ ಒರೆಸಿದಳು. ತಾಮ್ರ ಅಲ್ಲಲ್ಲಿ ಕೆಂಪಗೆ ಕಂಡಿತು.

“ನೆಗ್ಗೈತೆ,” ಅಂದಳು. ಆಮೇಲೆ ತಲೆ ಎತ್ತದೆ ಗಂಡನ ಮುಖದ ಕೆಸರನ್ನೂ ಅದೇ ಸೆರಗಿನಿಂದ ಒರೆಸಿದಳು. ಅವಳ ಬಳೆಗಳ ಸದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು.

ಅಂತರಘಟ್ಟಮ್ಮ ತಮ್ಮ ಕಡೆಯವರತ್ತ ತಿರುಗಿ, “ನೋಡಿದ್ರಾ?” ಅಂದರು. ನೋಡಿದೆವು ಅಂದರು ಎಲ್ಲ. ಅವರೇ ಮುಂದೆ ಬಂದು ಭೀಮಕ್ಕನ ಹಣೆಗೆ ಕುಂಕುಮ ಹಚ್ಚಿ, ಕೊಡಕ್ಕೂ ಹಚ್ಚಿದರು. “ಇನ್ನ ಬ್ಯಾರೆ ಕೊಡ ಯಾಕೆ? ಇದ್ರಾಗೇ ತುಂಬಿಸ್ರಿ.”

ವಾಲಗ ಶುರುವಾಯಿತು. ಮುತ್ತೈದೆಯರು ನೀರು ಸೇದಿ ತುಂಬಿಸಿದರು. ಭೀಮಕ್ಕ ಕೊಡ ಸೊಂಟಕ್ಕಿಟ್ಟು ಮುಂದೆ ನಡೆದಳು. ನಾಲ್ಕು ಮಾರು ಹೋಗುವಷ್ಟರಲ್ಲಿ ಅವಳ ಹಸಿರು ಸೀರೆ ಒದ್ದೆಯಾಗತೊಡಗಿತು. ನೆಗ್ಗಿದ ಜಾಗದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಅವಳು ಗಾಬರಿಯಿಂದ ಅದಕ್ಕೆ ಬೆರಳು ಒತ್ತಿಕೊಂಡು ಅಂತರಘಟ್ಟಮ್ಮನ ಮುಖ ನೋಡಿದಳು.

“ಸುರೀಲಿ ಬಿಡಕ್ಕ,” ಅಂದರು ಅಂತರಘಟ್ಟಮ್ಮ. “ಗಂಗೆ ದಾರಿಗುಂಟ ಬಂದಂಗಾತು.”