ನೂರ ನಲವತ್ತು

"ಹಳೇ ಹಾಳೆ ಗಲೀಜಾಗಿದೆ. ಇದನ್ನ ನೀಟಾಗಿ ಬರೆಸಿದ್ದೀನಿ. ಒಂದು ಸಹಿ ಹಾಕಿಬಿಡು."

ಸೂಪರಿಂಟೆಂಡೆಂಟ್ ಮೇಡಂ ಹೊಸ ಹಾಳೆಯನ್ನು ಮೇಜಿನ ಮೇಲೆ ದೊಡ್ಡಕ್ಕನ ಕಡೆಗೆ ತಳ್ಳಿದಳು. ಮುಖ ಮಾತ್ರ ನೋಡಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಅದನ್ನೂ ಪಕ್ಕಕ್ಕಿಟ್ಟು ಅಷ್ಟು ಉಪಕಾರ ಮಾಡಿದಳು.

ದೊಡ್ಡಕ್ಕ ಆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಸೂಲಗಿತ್ತಿ. ಅವಳೇ ಹೊರಗೆಳೆದ ಹೆಣ್ಣುಮಕ್ಕಳು ಬಸುರಿಯರಾಗಿ ಬಂದು, ಮತ್ತೆ ಅವಳ ಕೈಯನ್ನೇ ಹಿಡಿದು ಚೀರುವಷ್ಟು ಕಾಲ ಕಳೆದಿತ್ತು. ಅವಳು ಬೈದರೇನೇ ನೋವು ಇಳಿಯೋದು ಎಂದು ಹೆಂಗಸರು ನಗುತ್ತಿದ್ದರು. ಈ ಮೇಡಂ ಕೂಡ ಒಂದು ಕಾಲಕ್ಕೆ ನರ್ಸಿಂಗ್ ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದವಳೇ. ಒಂದೇ ಸೋಪನ್ನು ಇಬ್ಬರೂ ಸವೆಸಿದವರು. ಈಗ ನಡುವೆ ಒಂದು ಮೇಜು ಬಂದು ಕೂತಿತ್ತು.

ಆ ಹೊಸ ಹಾಳೆಯಲ್ಲಿ ಏನಿತ್ತು ಅಂತ ಕೇಳಿ. 'ತಾಯಿ ತಡವಾಗಿ ಬಂದಳು. ಸಿಬ್ಬಂದಿಯೊಂದಿಗೆ ಸಹಕರಿಸಲಿಲ್ಲ. ಹೇಳಿದರೂ ಸರಿಯಾಗಿ ಮುಕ್ಕಲಿಲ್ಲ. ಮಗು ಉಳಿಯಲಿಲ್ಲ.' ನಾಲ್ಕು ಸಾಲು. ಅದರಲ್ಲಿ ನಾಲ್ಕನೆಯದೊಂದೇ ನಿಜ.

ಆ ತಾಯಿ ನಾಲ್ಕನೇ ಮಂಚದ ಟೈಲರ್ ಹುಡುಗಿ. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು, ಚೊಚ್ಚಲು. ಮೊನ್ನೆ ಬೆಳಿಗ್ಗೆ ಆರೂವರೆಗೆ, ನೆಲ ಒರೆಸುವವಳು ಇನ್ನೂ ಬಕೆಟ್ ಕೈಗೆತ್ತಿಕೊಳ್ಳುವ ಮೊದಲೇ, ಅತ್ತೆಯ ತೋಳು ಹಿಡಿದು ತನ್ನ ಕಾಲಮೇಲೇ ನಡೆದು ಬಂದಿದ್ದಳು. ತಡವಂತೆ ತಡ! ಇನ್ನು ಮುಕ್ಕಿದ ವಿಷಯ, ಅಂದರೆ ಮಗುವನ್ನು ಹೊರದೂಡಲು ಉಸಿರು ಬಿಗಿಹಿಡಿದು ತಿಣುಕಿದ ವಿಷಯ. ಅವಳು ಹೇಗೆ ಮುಕ್ಕಿದಳೆಂದರೆ, ಕಣ್ಣಿನ ಸಣ್ಣ ಸಣ್ಣ ನರ ಒಡೆದು ಬಿಳಿ ಇದ್ದ ಜಾಗವೆಲ್ಲ ಕೆಂಪಗಾಗಿತ್ತು. ಎರಡು ದಿನವಾದರೂ ಹಾಗೇ ಇದೆ. ಆ ಕಣ್ಣನ್ನು ಒಂದು ಸಲ ನೋಡಿದವರು ಯಾರೂ ಹೊಸ ಹಾಳೆಯ ಮೂರನೇ ಸಾಲು ಬರೆಯಲಾರರು. ನೋಡಿದ್ದರೆ ತಾನೆ.

ಅದನ್ನು ಓದಿ ದೊಡ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಬಿಡಲು ಆಗಲಿಲ್ಲ, ಏಕೆಂದರೆ ಮೇಜಿನ ಇನ್ನೊಂದು ಮೂಲೆಯಲ್ಲಿದ್ದ ಹಳೆಯ ಹಾಳೆ ಅವಳದೇ ಕೈಬರಹ.

ಅದರ ಕಥೆ ಹೀಗೆ. ನೋವು ಶುರುವಾದವಳ ಹೊಟ್ಟೆಗೆ ಅರ್ಧ ಗಂಟೆಗೊಮ್ಮೆ ಮರದ ತುತ್ತೂರಿ ಒತ್ತಿ, ಕಿವಿಯಿಟ್ಟು, ಮಗುವಿನ ಎದೆಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಣಿಸಿ, ಮಂಚದ ಕಾಲಬುಡದಲ್ಲಿ ನೇತುಹಾಕಿದ ಹಾಳೆಯಲ್ಲಿ ಆ ಹೊತ್ತಿನ ಚೌಕದ ಮನೆಯೊಳಗೆ ಒಂದು ಚುಕ್ಕೆ ಇಡಬೇಕು. ನೂರ ನಲವತ್ತರ ಆಸುಪಾಸು ಇದ್ದರೆ ಮಗು ಕ್ಷೇಮ. ನೂರಕ್ಕಿಂತ ಕೆಳಗಿಳಿದರೆ ಇದ್ದಬದ್ದ ಕೆಲಸ ಬಿಟ್ಟು ಓಡಬೇಕು. ಒಳ್ಳೆಯ ಪದ್ಧತಿ, ಬೇಡ ಅಂದವರು ಯಾರು? ಆದರೆ ವಾರ್ಡಿಗೆ ಎಂಟು ಮಂಚ, ಪಾಳಿಗೆ ಒಬ್ಬಳೇ ಸೂಲಗಿತ್ತಿ. ಒಬ್ಬಳು ಹೆರುತ್ತಿರುತ್ತಾಳೆ, ಇನ್ನೊಬ್ಬಳಿಗೆ ಹೊಲಿಗೆ ಹಾಕಬೇಕು, ಮತ್ತೊಬ್ಬಳು ವಾಂತಿ ಮಾಡಿಕೊಂಡಿದ್ದಾಳೆ. ಇದರ ನಡುವೆ ತುತ್ತೂರಿ ಹಿಡಿದು ಎಂಟು ಹೊಟ್ಟೆ ಸುತ್ತಬೇಕು. ಹಾಗಾಗಿ ಹಾಳೆಗಳಲ್ಲಿ ಅಲ್ಲಲ್ಲಿ ಮನೆಗಳು ಖಾಲಿ ಇರುತ್ತಿದ್ದವು. ಖಾಲಿ ಎಂದರೆ ಕೇಳಿಲ್ಲ ಎಂದೇ ಅರ್ಥ, ನೋಡಿದವರಿಗೆ ತಿಳಿಯುತ್ತಿತ್ತು.

ಮೂರು ವರ್ಷದ ಹಿಂದೆ ತಪಾಸಣೆಯವರು ಬಂದರು. ಹಾಳೆ ಮಗುಚಿ ಮಗುಚಿ ನೋಡಿ, ಇದೇಕೆ ಖಾಲಿ, ಅದೇಕೆ ಖಾಲಿ ಎಂದು ಕೇಳಿದರು. ಎಂಟು ಮಂಚಕ್ಕೆ ಒಬ್ಬಳೇ ಏಕೆ ಎಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ. ಇನ್ನುಮುಂದೆ ಒಂದು ಮನೆಯೂ ಖಾಲಿ ಇರಕೂಡದು ಎಂದು ಆಜ್ಞೆಯಾಯಿತು. ಆಯಿತು, ಇರಲಿಲ್ಲ. ಮರುವರ್ಷ ದಾಖಲೆ ನಿರ್ವಹಣೆಯಲ್ಲಿ ಪ್ರಥಮ ಎಂದು ಒಂದು ಪ್ರಶಸ್ತಿಪತ್ರವೂ ಬಂತು. ಅದಕ್ಕೆ ಗಾಜು ಹಾಕಿಸಿ ಮೇಡಂ ಕೋಣೆಯ ಹೊರಗೆ ತೂಗುಹಾಕಿದರು.

ಹೇಗೆ ಬಂತು ಪ್ರಶಸ್ತಿ? ಪಾಳಿ ಶುರುವಾಗುತ್ತಲೇ, ಬೆಳಿಗ್ಗೆ ಎಂಟಕ್ಕೆ, ಪೆನ್ನು ಹಿಡಿದು ಮಧ್ಯಾಹ್ನ ಎರಡರವರೆಗಿನ ಚುಕ್ಕೆಗಳನ್ನೆಲ್ಲ ಒಟ್ಟಿಗೆ ಇಟ್ಟುಬಿಡುವುದು. ನೂರ ನಲವತ್ತು, ನೂರ ನಲವತ್ತು, ನೂರ ನಲವತ್ತು. ದೊಡ್ಡಕ್ಕ ಮೊದಮೊದಲು ಪೆನ್ಸಿಲಿನಲ್ಲಿ ಇಡುತ್ತಿದ್ದಳು, ಆಮೇಲೆ ಕೇಳಿಸಿಕೊಂಡು ತಿದ್ದಿದರಾಯಿತು ಎಂದು. ಬರಬರುತ್ತ ಪೆನ್ಸಿಲ್ ಹೋಗಿ ಪೆನ್ನು ಬಂತು. ಇನ್ನೊಂದು ಪಾಳಿಗೆ ಹೊಸಬಳೊಬ್ಬಳು ಸೇರಿದಾಗ ದೊಡ್ಡಕ್ಕ ಅವಳಿಗೆ ಕೆಲಸ ಕಲಿಸುತ್ತ, ಎಲ್ಲ ಕಡೆ ನೂರ ನಲವತ್ತೇ ಇಡಬೇಡ ಕಣೇ, ಮಧ್ಯೆ ಮಧ್ಯೆ ನೂರ ಮೂವತ್ತಾರು ಇಡು, ಜೀವ ಇರೋ ಹಾಗೆ ಕಾಣಬೇಕಲ್ಲ ಎಂದು ತಮಾಷೆ ಮಾಡಿದ್ದಳು. ಇಬ್ಬರೂ ನಕ್ಕಿದ್ದರು.

ಮೊನ್ನೆ ಟೈಲರ್ ಹುಡುಗಿಯ ಹಾಳೆಯಲ್ಲೂ ಎಂಟು ಗಂಟೆಗೇ ಎಲ್ಲ ಚುಕ್ಕೆ ಬಿದ್ದಿದ್ದವು. ಹನ್ನೊಂದು ಹತ್ತಕ್ಕೆ ದೊಡ್ಡಕ್ಕ ನಿಜವಾಗಿಯೂ ತುತ್ತೂರಿ ಇಟ್ಟು ಎಣಿಸಿದ್ದಳು. ಗಟ್ಟಿಯಾಗಿತ್ತು. ಅಷ್ಟರಲ್ಲಿ ಹೆತ್ತು ಮಲಗಿದ್ದ ಒಂದನೇ ಮಂಚದವಳಿಗೆ ರಕ್ತ ಹರಿಯತೊಡಗಿತು, ಎರಡೂ ಕೈ ಅಲ್ಲೇ ಸಿಕ್ಕಿಕೊಂಡವು. ಟೈಲರ್ ಹುಡುಗಿ ಎರಡು ಸಲ ಕರೆದು, ಮಗು ಅಲ್ಲಾಡುತ್ತಿಲ್ಲ, ಏನೋ ಸರಿಯಿಲ್ಲ ಅಂದಳು. ಬಂದೆ ತಾಯಿ ಎಂದಳು ದೊಡ್ಡಕ್ಕ, ಹೋಗಲಾಗಲಿಲ್ಲ. ಹನ್ನೆರಡರ ಸುಮಾರಿಗೆ ಡಾಕ್ಟರ್ ಸವಾರಿ ಬಂತು. ಹುಡುಗಿ ಅವರಿಗೂ ಅದನ್ನೇ ಹೇಳಿದಳು. ಅವರು ಹಾಳೆ ಎತ್ತಿ ನೋಡಿ, ಎರಡು ಗಂಟೆಯ ಚುಕ್ಕೆಯೂ ಆಗಲೇ ಬಿದ್ದಿರುವುದನ್ನು ಲೆಕ್ಕಿಸದೆ, ಎಲ್ಲ ಸರಿಯಾಗಿದೆ, ಚೊಚ್ಚಲಿನವರು ಹೀಗೇ ನಾಟಕ ಆಡೋದು ಎಂದು ಹೊರಟುಹೋದರು. ಹನ್ನೆರಡು ನಲವತ್ತಕ್ಕೆ ದೊಡ್ಡಕ್ಕ ಓಡಿಬಂದು ತುತ್ತೂರಿ ಇಟ್ಟಾಗ ಅರವತ್ತೂ ಇರಲಿಲ್ಲ. ಕರುಳುಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತು. ಒಂದು ಗಂಟೆ ಐದು ನಿಮಿಷಕ್ಕೆ ಹೆಣ್ಣುಮಗು ಬಂತು. ಇಪ್ಪತ್ತು ನಿಮಿಷ ಎದೆ ಒತ್ತಿದರು, ಗಾಳಿ ಊದಿದರು. ಅಳಲಿಲ್ಲ.

ಅದಾದ ಮೇಲೆ ಮನೆಯವರನ್ನು ಕರೆದು ಡಾಕ್ಟರ್ ಹೇಳಿದ್ದು ಒಂದೇ ಮಾತು, ನಿಮ್ಮ ಸೊಸೆ ಸರಿಯಾಗಿ ಮುಕ್ಕಲಿಲ್ಲ ಎಂದು. ಹೇಳಿ ಕೈ ತೊಳೆದುಕೊಂಡರು.

ಈಗ ಮೇಡಂ ಹೇಳುತ್ತಿದ್ದುದೂ ಸುಳ್ಳೇನಲ್ಲ. ಇನ್ನೂ ಇಬ್ಬರನ್ನು ಕೊಡಿ ಎಂದು ತಾನು ಮೂರು ವರ್ಷದಲ್ಲಿ ಒಂಬತ್ತು ಪತ್ರ ಬರೆದೆ, ಬಂದದ್ದು ಆ ಗಾಜಿನ ಚೌಕಟ್ಟು ಎಂದಳು. ನಿಜ ಬರೆದರೆ ಒಬ್ಬಳನ್ನೇ ಇಟ್ಟವರನ್ನು ಯಾರೂ ಕೇಳುವುದಿಲ್ಲ, ಚುಕ್ಕೆ ಇಟ್ಟವಳ ಕುತ್ತಿಗೆಗೇ ಬರುತ್ತದೆ, ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು ಎಂದು ನೆನಪಿಸಿದಳು. ಕೊನೆಗೆ ಹಾಸ್ಟೆಲಿನ ದನಿಯಲ್ಲಿ, "ಹೋದ ಜೀವ ಹೋಯ್ತು ಕಣೇ. ನಿನ್ನ ಬದುಕು ಯಾಕೆ ಹಾಳು ಮಾಡ್ಕೋತೀಯ?" ಎಂದಳು.

"ಇರೋ ಜೀವ ಒಂದಿದೆಯಲ್ಲ, ನಾಲ್ಕನೇ ಮಂಚದಲ್ಲಿ," ಎಂದಳು ದೊಡ್ಡಕ್ಕ.

ಎದ್ದು, ಹಳೆಯ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಹೊಸದನ್ನು ಮೇಜಿನ ಮೇಲೇ ಬಿಟ್ಟಳು. ಪೆನ್ನನ್ನು ಮಾತ್ರ ಬಿಡಲಿಲ್ಲ. ಹಿಂದಿನಿಂದ ಮೇಡಂ ಎರಡು ಸಲ ಕೂಗಿದ್ದು ಕೇಳಿಸಿತು.

ವಾರ್ಡಿನಲ್ಲಿ ಹೊಸಬಳ ಪಾಳಿ ನಡೆದಿತ್ತು. ಆ ಆಸ್ಪತ್ರೆಯಲ್ಲಿ ನೋವು ತಿನ್ನುವವರಿಗೂ ಹೆತ್ತವರಿಗೂ ಒಂದೇ ವಾರ್ಡು. ಟೈಲರ್ ಹುಡುಗಿಗೆ ಜ್ವರ ಇಳಿದಿಲ್ಲವೆಂದು ಮನೆಗೆ ಕಳಿಸಿರಲಿಲ್ಲ, ಹಾಗಾಗಿ ಆ ಕಡೆ ಮೂರನೇ ಮಂಚದಲ್ಲೊಂದು ಕೂಸು, ಈ ಕಡೆ ಐದನೆಯದರಲ್ಲೊಂದು ಕೂಸು, ನಡುವೆ ಖಾಲಿ ಮಡಿಲಿನ ಇವಳು. ಬೇರೆ ಕಡೆ ಮಲಗಿಸಿ ಎಂದು ದೊಡ್ಡಕ್ಕ ಕೇಳಿದ್ದಕ್ಕೆ ಬೇರೆ ಕಡೆ ಎಲ್ಲಿದೆ ಅಂದಿದ್ದರು. ಎದೆಹಾಲು ಇಳಿಯತೊಡಗಿ ರವಿಕೆ ಒದ್ದೆಯಾಗಿತ್ತು. ಪಕ್ಕದ ಕೂಸು ಅತ್ತಾಗಲೆಲ್ಲ ಇನ್ನಷ್ಟು ಒದ್ದೆಯಾಗುತ್ತಿತ್ತು.

ಅತ್ತೆ ಕಿಟಕಿಯ ಹತ್ತಿರ ನಿಂತು ಐದನೆಯವಳ ತಾಯಿಗೆ ಹೇಳುತ್ತಿದ್ದಳು. ಡಾಕ್ಟರೇ ಬಾಯಿಬಿಟ್ಟು ಹೇಳಿದರಂತೆ, ಇವಳಿಗೆ ಮುಕ್ಕುವ ಶಕ್ತಿಯೇ ಇರಲಿಲ್ಲವಂತೆ, ದಿನವಿಡೀ ಮಿಷನ್ ಮುಂದೆ ಕೂತರೆ ಶಕ್ತಿ ಎಲ್ಲಿಂದ ಬರಬೇಕು ಎಂದು. ಕೆಟ್ಟ ಹೆಂಗಸಲ್ಲ. ಮೊಮ್ಮಗಳು ಹೋದ ಸಂಕಟಕ್ಕೆ ಒಂದು ಕಾರಣ ಬೇಕಾಗಿತ್ತು, ಡಾಕ್ಟರ್ ಕೈಗೆ ಕೊಟ್ಟಿದ್ದನ್ನು ಹಿಡಿದುಕೊಂಡಿದ್ದಳು.

ದೊಡ್ಡಕ್ಕ ಹತ್ತಿರ ಹೋದಾಗ ಟೈಲರ್ ಹುಡುಗಿ ತಲೆಯೆತ್ತಿದಳು. ಆ ಕೆಂಪು ಕಣ್ಣು.

"ಅಕ್ಕಾ, ಒಂದು ಮಾತು ಕೇಳ್ತೀನಿ, ಬೈಬೇಡಿ. ನಾನು ಇನ್ನೂ ಸ್ವಲ್ಪ ಜೋರಾಗಿ ಮುಕ್ಕಿದ್ದಿದ್ರೆ ಉಳೀತಿತ್ತಾ?"

ಎರಡು ದಿನದಿಂದ ಈ ಹುಡುಗಿ ಇದನ್ನೇ ಯೋಚಿಸುತ್ತ ಮಲಗಿದ್ದಳಲ್ಲ! ಇನ್ನು ಇಪ್ಪತ್ತು, ಮೂವತ್ತು ವರ್ಷವೂ ಇದನ್ನೇ ಹೊತ್ತು ತಿರುಗುತ್ತಿದ್ದಳಲ್ಲ!

"ಇಲ್ಲ," ಎಂದಳು ದೊಡ್ಡಕ್ಕ. "ನೀನು ಮಾಡಬೇಕಾದ್ದೆಲ್ಲ ಮಾಡಿದೆ. ನಾನು ಮಾಡ್ಲಿಲ್ಲ. ನೀನು ಕರೆದೆ, ನಾನು ಬರಲಿಲ್ಲ. ಡಾಕ್ಟರ್ ನೋಡಿದ್ದು ನಾನು ಬರೆದ ಸುಳ್ಳನ್ನ."

ಹಾಳೆಯನ್ನು ಅವಳ ಕೈಗೆ ಕೊಟ್ಟು, ಯಾವ ಚುಕ್ಕೆ ಏನು ಎಂದು ವಿವರಿಸಿದಳು. ಹುಡುಗಿ ಹೊಲಿಗೆ ಪರೀಕ್ಷಿಸುವವಳಂತೆ ಸಾಲಿನ ಮೇಲೆ ಬೆರಳು ಎಳೆದುಕೊಂಡು ಹೋದಳು. ಕೊನೆಯ ಎರಡು ಚುಕ್ಕೆಗಳ ಹತ್ತಿರ ಬೆರಳು ನಿಂತಿತು.

"ಒಂದೂವರೆಗೂ ನೂರ ನಲವತ್ತು ಅಂತಿದೆ," ಎಂದಳು. "ಒಂದೂವರೆಗೆ ಅವಳನ್ನ ಬಟ್ಟೆ ಸುತ್ತಿ ನನ್ನ ಪಕ್ಕ ಮಲಗಿಸಿದ್ರಿ."

"ಹೌದು."

"ಎರಡು ಗಂಟೆಗೂ ಇದೆ."

"ಹೌದು. ಎಲ್ಲ ಬೆಳಿಗ್ಗೆ ಎಂಟಕ್ಕೇ ಬರೆದಿದ್ದು."

ದೊಡ್ಡಕ್ಕ ಅಳುವಿಗೆ, ಬೈಗುಳಕ್ಕೆ, ಬೇಕಾದರೆ ಕೆನ್ನೆಗೆ ಬೀಳುವ ಏಟಿಗೂ ಸಿದ್ಧಳಾಗಿ ನಿಂತಿದ್ದಳು. ಯಾವುದೂ ಬರಲಿಲ್ಲ. ಹುಡುಗಿ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು. ಕ್ಷಮಿಸು ಎಂದು ದೊಡ್ಡಕ್ಕ ಹೇಳಿದಾಗ ಅವಳು ಕಿಟಕಿಯ ಹತ್ತಿರವಿದ್ದ ಅತ್ತೆಯ ಕಡೆ ನೋಡಿದಳು.

"ಗಟ್ಟಿಯಾಗಿ ಹೇಳಿ," ಎಂದಳು ಆಮೇಲೆ. "ನಮ್ಮತ್ತೆಗೆ ಕೇಳಿಸ್ಲಿ. ಮನೆಗೆ ಹೋದ್ಮೇಲೆ ನಾನು ಹೇಳಿದ್ರೆ ಯಾರೂ ನಂಬಲ್ಲ."

ಮೂವತ್ತೊಂದು ವರ್ಷ ಈ ವಾರ್ಡಿನಲ್ಲಿ ಮುಕ್ಕು, ಉಸಿರು ಬಿಡು, ಹೆದರಬೇಡ ಎಂದು ಕೂಗಿದ ಗಂಟಲದು. ದೊಡ್ಡಕ್ಕ ಮಂಚಗಳ ನಡುವೆ ಬಂದು ನಿಂತು ಎಲ್ಲವನ್ನೂ ಹೇಳಿದಳು. ಹುಡುಗಿ ಎಷ್ಟು ಗಂಟೆಗೆ ಬಂದಳು, ಎಷ್ಟು ಸಲ ಕರೆದಳು, ತಾನು ಎಲ್ಲಿ ಸಿಕ್ಕಿಕೊಂಡಿದ್ದೆ, ಈ ಚುಕ್ಕೆಗಳನ್ನು ಹೇಗೆ ಇಡುತ್ತಾರೆ, ಏಕೆ ಇಡುತ್ತಾರೆ, ಹೀಗೆ ಇಡುತ್ತಾರೆಂದು ಯಾರಿಗೆಲ್ಲ ಗೊತ್ತು. ಡಾಕ್ಟರ್ ಹೇಳಿದ ಮಾತನ್ನೂ ಹೇಳಿ, ಅದು ಅಪ್ಪಟ ಸುಳ್ಳು ಎಂದಳು. ಹೇಳುತ್ತಿರುವಾಗಲೇ ಮೇಡಂ ಬಾಗಿಲಿಗೆ ಬಂದು ನಿಂತದ್ದು ಕಂಡಿತು. ಅವಳನ್ನು ನೋಡುತ್ತಲೇ ಉಳಿದದ್ದನ್ನೂ ಮುಗಿಸಿದಳು.

ಮೊನ್ನೆಯಿಂದ ಸೊಸೆಯ ಮಂಚದ ಅಂಚಿಗೂ ಕೂರದಿದ್ದ ಅತ್ತೆ ಕಿಟಕಿ ಬಿಟ್ಟು ಬಂದು ಅವಳ ಕಾಲ ಹತ್ತಿರ ಕೂತಳು.

"ಈಗ ಬರೀರಿ," ಎಂದಳು ಟೈಲರ್ ಹುಡುಗಿ, ಹಾಳೆಯನ್ನು ಮುಂದೆ ಹಿಡಿದು. "ನಾನು ಮುಕ್ಕಿದೆ ಅಂತ ಬರೀರಿ."

ದೊಡ್ಡಕ್ಕ ಮಂಚದ ಮೇಲೇ ಹಾಳೆ ಹರವಿ, ಕೆಳಗಡೆ ಉಳಿದಿದ್ದ ಜಾಗದಲ್ಲಿ, 'ಹನ್ನೊಂದು ಹತ್ತರಿಂದ ಹನ್ನೆರಡು ನಲವತ್ತರವರೆಗೆ ನಾನು ಕೇಳಿಲ್ಲ. ಚುಕ್ಕೆಗಳು ಸುಳ್ಳು. ತಾಯಿ ಹೊತ್ತಿಗೆ ಸರಿಯಾಗಿ ಬಂದಳು, ಎಚ್ಚರಿಸಿದಳು, ಪೂರ್ತಿ ಶಕ್ತಿ ಹಾಕಿ ಮುಕ್ಕಿದಳು' ಎಂದು ಬರೆದು ಸಹಿ ಹಾಕಿದಳು. ಹುಡುಗಿ ಪ್ರತಿ ಅಕ್ಷರವನ್ನೂ ನೋಡುತ್ತ ಕೂತಿದ್ದಳು.

ಆರನೇ ಮಂಚದವಳಿಗೆ ಬೆಳಗಿನಿಂದ ನೋವು ಬರುತ್ತಿತ್ತು. ಅವಳು ಸೊಂಟಕ್ಕೆ ಒಂದು ಕೈ ಕೊಟ್ಟು ಮೆಲ್ಲಗೆ ಎದ್ದು, ಮಂಚದ ಸರಳು ಹಿಡಿದು ಕಾಲಬುಡದವರೆಗೆ ಸರಿದು, ಕೊಕ್ಕೆಯಿಂದ ತನ್ನ ಹಾಳೆ ಬಿಡಿಸಿಕೊಂಡಳು. ನೋಡಿದಳು. ಗೋಡೆಯ ಗಡಿಯಾರ ನೋಡಿದಳು, ಹತ್ತು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಮತ್ತೆ ಹಾಳೆ ನೋಡಿದಳು. ಅಷ್ಟರಲ್ಲಿ ಎರಡನೆಯವಳೂ ಎದ್ದು ತನ್ನದಕ್ಕೆ ಕೈ ಚಾಚಿದ್ದಳು, ಆಮೇಲೆ ಏಳನೆಯವಳು. ನಡುವೆ ನಿಂತ ಹೊಸಬಳಿಗೆ ಯಾವ ಕಡೆ ತಿರುಗಬೇಕೋ ತಿಳಿಯಲಿಲ್ಲ. ಆರನೆಯವಳು ಎರಡು ಗಂಟೆಯವರೆಗೂ ಚುಕ್ಕೆ ಬಿದ್ದಿದ್ದ ಹಾಳೆಯನ್ನು ಅವಳ ಕಡೆಗೆ ಚಾಚಿ ಹಿಡಿದಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.