ಮಷೀನಿನ ಉಸಿರು

ಆ ಶೆಡ್ಡಿನ ಹಲಗೆ ಹೆರೆಯುವ ಮಷೀನಿಗೆ ಉಸಿರಿತ್ತು. ಅಲ್ಲಿ ಕೆಲಸ ಮಾಡಿದವರೆಲ್ಲ ಹಾಗಂತ ನಂಬಿದ್ದರು, ನಂಬಿಸಿದವನು ಮೇಸ್ತ್ರಿ. ಸ್ವಿಚ್ಚು ಆರಿಸಿದ ಕೂಡಲೇ ಮಷೀನು ನಿಲ್ಲುವುದಿಲ್ಲ. ಅದರ ಹೊಟ್ಟೆಯೊಳಗಿನ ಡ್ರಮ್ಮು, ಅಂದರೆ ಬ್ಲೇಡುಗಳನ್ನು ಕಚ್ಚಿಕೊಂಡಿರುವ ಉಕ್ಕಿನ ಉರುಳೆ, ಸುಮಾರು ಹೊತ್ತು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಜೋರಾಗಿ ತಿರುಗುವಾಗ ಬ್ಲೇಡು ಕಣ್ಣಿಗೆ ಬೀಳುವುದಿಲ್ಲ. ಅಲುಗದ ಕೊಳವೆಯ ಹಾಗೆ ಸುಮ್ಮನೆ ಹೊಳೆಯುತ್ತದೆ. ದೂರದ ಬೆಟ್ಟ ಮಾತ್ರವಲ್ಲ, ಹತ್ತಿರದ ಡ್ರಮ್ಮೂ ಕಣ್ಣಿಗೆ ನುಣ್ಣಗೇ. ಹಾಗೆ ಕಣ್ಣನ್ನು ನಂಬಿ ಕೈ ಹಾಕಿ ಬೆರಳು ಕಳೆದುಕೊಂಡವರು ಆ ಕಸುಬಿನಲ್ಲಿ ಬೇಕಾದಷ್ಟು ಜನ.

ಆದ್ದರಿಂದ ಕಿವಿಯನ್ನು ನಂಬಬೇಕು ಎನ್ನುವುದು ಮೇಸ್ತ್ರಿಯ ಕಾನೂನು. ಮಷೀನಿನ ಹತ್ತಿರ ಯಾವಾಗಲೂ ಇಬ್ಬರಿರಬೇಕು. ಸ್ವಿಚ್ಚು ಆರಿಸಿದವನು "ಉಸಿರು?" ಎಂದು ಕೇಳಬೇಕು. ಇನ್ನೊಬ್ಬ ಕಿವಿಗೊಟ್ಟು, ಒಳಗಿನ ಗುಂಯ್‌ ಸದ್ದು ಇಳಿದು ಇಳಿದು ಪೂರ್ತಿ ಅಡಗಿದ ಮೇಲೆ "ನಿಂತಿತು" ಎನ್ನಬೇಕು. ಆಮೇಲೇ ಸಿಕ್ಕಿಕೊಂಡ ಮರದ ಸಿಪ್ಪೆ ತೆಗೆಯಲು ಕೈ. ಗಿಡ್ಡ ತುಂಡು ಮಷೀನಿಗೆ ಕೊಡಬಾರದು, ಸಡಿಲ ತೋಳಿನ ಅಂಗಿ ಹಾಕಬಾರದು, ಹಲಗೆಯ ತುದಿಯನ್ನು ಬೆರಳಿನಿಂದ ತಳ್ಳದೆ ಹಿಡಿಯಿರುವ ಮರದ ತುಂಡಿನಿಂದ ತಳ್ಳಬೇಕು ಎನ್ನುವ ಉಳಿದ ಕಾನೂನುಗಳೂ ಇದ್ದವು. ಆದರೆ ಉಸಿರಿನ ಕಾನೂನು ತಪ್ಪಿದವರಿಗೆ ಮಾತ್ರ ಆ ದಿನವೇ ಬಾಗಿಲು.

ಮೇಸ್ತ್ರಿಗೆ ಹತ್ತು ಬೆರಳೂ ನೆಟ್ಟಗಿದ್ದವು. ಬೇರೆಯವರು ಬಂಗಾರ ತೋರಿಸಿಕೊಳ್ಳುವ ಹಾಗೆ ಅವನು ಬೆರಳು ತೋರಿಸಿಕೊಳ್ಳುತ್ತಿದ್ದ. "ಹತ್ತೂ ಇರೋ ಬಡಗಿ ಇನ್ನೊಬ್ಬನನ್ನ ಕರ್ಕೊಂಡ್ ಬನ್ನಿ ನೋಡೋಣ," ಎಂದು ಗಿರಾಕಿಗಳ ಮುಂದೆ ಎರಡೂ ಕೈ ಚಾಚುತ್ತಿದ್ದ. ಆ ಬೆರಳು ಉಳಿಸಿಕೊಳ್ಳಲು ಅವನು ಏನು ಕೊಟ್ಟಿದ್ದ ಎನ್ನುವುದು ಮಗಳಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು.

ಮಗಳು ಶೆಡ್ಡಿಗೆ ಬಂದದ್ದು ತಡವಾಗಿ, ಅದೂ ಜಗಳ ಮಾಡಿಕೊಂಡು. "ಹೆಣ್ಮಗಳು ಮಷೀನಿಗೆ ಕೈ ಹಾಕೋದಾ? ನಾನು ಸತ್ತ ಮೇಲೆ," ಎಂದಿದ್ದ ಅಪ್ಪ. ಅಪ್ಪನ ಹಟಕ್ಕೆ ಅಪ್ಪನ ಮಗಳೇ ಮದ್ದು. ಮೊದಲು ಕಸ ಗುಡಿಸಿದಳು, ಆಮೇಲೆ ಪಾಲಿಶ್ ಮಾಡಿದಳು, ಕೊನೆಗೆ ಒಂದು ದಿನ ಮಷೀನಿನ ಮುಂದೆ ನಿಂತೇಬಿಟ್ಟಳು. ಉಳಿದ ಆಳುಗಳು ಒಬ್ಬೊಬ್ಬರೇ ಬೇರೆ ಕಡೆ ಹೋದ ಮೇಲೆ ಶೆಡ್ಡಿನಲ್ಲಿ ಉಳಿದದ್ದು ಅವರಿಬ್ಬರೇ. ಗಿರಾಕಿಗಳು ಅವಳನ್ನು ಚಿಕ್ಕ ಮೇಸ್ತ್ರಿ ಎನ್ನತೊಡಗಿದರು. ಅಪ್ಪ ಮಾತ್ರ ಅವಳ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಆಡಿದವನಲ್ಲ.

ಆದರೆ ಬೈದವನೂ ಅಲ್ಲ, ಮತ್ತು ಅದೇ ಅವಳಿಗೆ ದೊಡ್ಡ ಬಹುಮಾನವಾಗಿತ್ತು. ಯಾಕೆಂದರೆ ಹಿಂದೆ ಅಪ್ಪ ಬೈಯುತ್ತಿದ್ದ ರೀತಿಯನ್ನು ಅವಳು ಚಿಕ್ಕಂದಿನಲ್ಲಿ ಕಂಡಿದ್ದಳು. ಹೊರಗೆ ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತ, ಒಳಗೆ ಯಾರು ಏನು ತಪ್ಪು ಮಾಡುತ್ತಿದ್ದಾರೆಂದು ಸದ್ದಿನಲ್ಲೇ ಹಿಡಿಯುತ್ತಿದ್ದ. "ಲೋ, ನಾರಿನ ಎದುರು ತಳ್ತಿದ್ದೀಯ, ಹಲಗೆ ತಿರುಗಿಸೋ!" "ಯಾರಪ್ಪನ ಮನೆ ಗಂಟು ಹೋಗುತ್ತೆ, ನಿಧಾನ ಕೊಡೋ!" ಎಂದು ಕೂತಲ್ಲಿಂದಲೇ ಕೂಗುತ್ತಿದ್ದ. ಒಂದು ಸಲವೂ ತಪ್ಪುತ್ತಿರಲಿಲ್ಲ. ಅಂಥವನು ಮಗಳು ಮಷೀನಿನ ಮುಂದೆ ನಿಂತಾಗ ತುಟಿ ಪಿಟಕ್ಕೆನ್ನದೆ ಚಹಾ ಕುಡಿಯುತ್ತಿದ್ದ. ಅಂದರೆ ತನ್ನ ಕೆಲಸದಲ್ಲಿ ಹುಳುಕಿಲ್ಲ ಎಂದು ಅವಳು ಎಣಿಸಿದ್ದಳು, ಪಾಪ.

ಒಂದು ಸಾಯಂಕಾಲ ದೊಡ್ಡ ಊಟದ ಮೇಜೊಂದರ ಹಲಗೆಗಳನ್ನು ಒಬ್ಬಳೇ ಹೆರೆದು ಮುಗಿಸಿದ್ದಳು. ಅಪ್ಪನಿಗೆ ಬೆನ್ನು ಹಾಕಿ ಸಿಪ್ಪೆ ಗುಡಿಸುತ್ತ, ಮುಖ ನೋಡಿ ಕೇಳುವ ಧೈರ್ಯವಿಲ್ಲದೆ, ಕೇಳಿಯೇಬಿಟ್ಟಳು: "ಅಪ್ಪ, ಈ ಕೆಲಸ ನನ್ನ ಕೈಲಾಗುತ್ತೆ ಅಲ್ವಾ?"

ಕೇಳಿ ತಿರುಗಿದ ಅವಳ ಮುಖ ನೋಡಿ, "ಹೂಂ," ಎಂದ ಅಪ್ಪ.

ಅಷ್ಟೇ. ಆ ಒಂದಕ್ಷರವನ್ನು ಅವಳು ಗಂಟು ಕಟ್ಟಿಕೊಂಡು ಮನೆಗೆ ಹೋದಳು. ಮೈ ಕೈ ನೋವಾದಾಗ, ಗಿರಾಕಿಗಳು "ಮೇಸ್ತ್ರಿ ಇಲ್ವಾ?" ಎಂದು ಅವಳ ತಲೆಯ ಮೇಲಿಂದ ಒಳಗೆ ಇಣುಕಿದಾಗ, ಆ ಗಂಟು ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

ಇತ್ತೀಚೆಗೆ ಅಪ್ಪ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡಿದ್ದ ಮನುಷ್ಯ ಮೆತ್ತಗಾಗಿದ್ದ. ಅಮ್ಮನಿಗಂತೂ ಹಿಡಿಸಲಾರದಷ್ಟು ಖುಷಿ. "ಇಷ್ಟು ವರ್ಷ ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಈಗ ಫಲ ಕೊಡ್ತು ನೋಡು. ಏನಂದ್ರೂ ತಲೆ ಆಡಿಸ್ತಾರೆ. ಸಂಸಾರದ ಸುಖ ಅಂದ್ರೆ ಏನು ಅಂತ ನನಗೆ ಈಗ ಗೊತ್ತಾಗ್ತಿದೆ," ಎನ್ನುತ್ತಿದ್ದಳು. ತಾಯಿ ಮಗಳು ಸೇರಿಕೊಂಡು ನಗುತ್ತಿದ್ದರು. ಅವರು ನಗುವುದನ್ನು ನೋಡಿ ಅಪ್ಪನೂ ನಗುತ್ತಿದ್ದ.

ಅಪ್ಪನ ಕೆಮ್ಮು ಹೆಚ್ಚಾದಾಗ ಮಗಳು ಧೂಳು ತಡೆಯುವ ಮಾಸ್ಕುಗಳನ್ನು ತಂದಳು. ಜೊತೆಗೆ ಸದ್ದು ತಡೆಯುವ ಕಿವಿಮುಚ್ಚಳವನ್ನೂ ತಂದಿದ್ದಳು. ಕಿವಿಮುಚ್ಚಳವನ್ನು ಅಪ್ಪ ಕೈಯಲ್ಲೂ ಮುಟ್ಟಲಿಲ್ಲ. "ಕಿವಿ ಮುಚ್ಕೊಂಡ್ರೆ ಉಸಿರು ಕೇಳೋದು ನಿಮ್ಮಜ್ಜನಾ? ಇಷ್ಟು ವರ್ಷ ಒಂದು ದಿನ ಹತ್ತಿ ಕೂಡ ಇಟ್ಕೊಂಡೋನಲ್ಲ ನಾನು," ಎಂದು ಅದನ್ನು ಮೊಳೆಗೆ ತೂಗುಹಾಕಿದ. ಸರಿ, ಅದರಲ್ಲಿ ಅರ್ಥವಿದೆ ಎಂದು ಅವಳೂ ಸುಮ್ಮನಾದಳು. ಆದರೆ ಮಾಸ್ಕಿನ ವಿಷಯದಲ್ಲಿ ಅವನು ಆಡಿದ್ದು ವಿಚಿತ್ರವಾಗಿತ್ತು. ತಾನು ಹಾಕಿಕೊಳ್ಳಲು ಒಪ್ಪಿದ. ಅವಳು ಹಾಕಿಕೊಂಡರೆ ಮಾತ್ರ ಸಿಡಿದ.

"ನೀನ್ಯಾಕೆ ಹಾಕ್ಕೋತೀಯ? ನಿನಗೇನು ಕೆಮ್ಮಾ?"

"ನನಗೂ ಬರಲಿ ಅಂತ ಕಾಯ್ಬೇಕಾ?"

"ತೆಗಿ ಅಂದ್ರೆ ತೆಗಿ. ಮುಖ ಮುಚ್ಕೊಂಡ್ ಕೆಲಸ ಮಾಡೋಕೆ ನೀನೇನು ಕಳ್ಳಿಯಾ?"

ಹಳೇ ಅಪ್ಪ ಮರಳಿ ಬಂದ ಎಂದುಕೊಂಡಳು. ಹಟಕ್ಕೆ ಹಟ, ಅವಳು ತೆಗೆಯಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ. ಅಪ್ಪ ಹಸಿ ಇದ್ದ ಹಲಗೆಯೊಂದನ್ನು ಹೆರೆಯುತ್ತಿದ್ದ. ಒದ್ದೆ ಸಿಪ್ಪೆ ಡ್ರಮ್ಮಿನ ಬಾಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿತು. ಸ್ವಿಚ್ಚು ಆರಿಸಿ, ಹಲಗೆಯನ್ನು ಪಕ್ಕಕ್ಕಿಟ್ಟು, ಅವಳ ಕಡೆ ತಿರುಗಿ ಕೇಳಿದ: "ಉಸಿರು?"

"ಇನ್ನೂ ಇದೆ, ತಡಿ," ಎಂದಳು ಮಗಳು, ಮಾಸ್ಕಿನೊಳಗಿಂದ.

ಅಪ್ಪ ಅವಳ ಮುಖವನ್ನೇ ನೋಡಿದ. ಮುಖವೆಂದರೆ ಎರಡು ಕಣ್ಣು, ಅದರ ಕೆಳಗೆ ಬಿಳಿ ಬಟ್ಟೆ. ಬಟ್ಟೆ ಅಲುಗಿದ್ದನ್ನು ಕಂಡ. ಹೂಂ ಎಂದು ತಲೆಯಾಡಿಸಿ, ಬಗ್ಗಿ, ಡ್ರಮ್ಮಿಗೆ ಕೈ ಚಾಚಿದ.

ಮಗಳು ಹೇಗೆ ಹಾರಿದಳೋ, ಹಿಂದಿನಿಂದ ಅವನ ಅಂಗಿಯ ಕಾಲರು ಹಿಡಿದು ಎಳೆದಳು. ಇಬ್ಬರೂ ಸಿಪ್ಪೆಯ ರಾಶಿಯ ಮೇಲೆ ಬಿದ್ದರು. "ನಿನಗೇನು ಹುಚ್ಚಾ!" ಎಂದು ಕೂಗುತ್ತ ಎದ್ದ ಅಪ್ಪ, ಸಿಕ್ಕಿಕೊಂಡಿದ್ದ ಸಿಪ್ಪೆ ತಾನಾಗಿ ಚೂರಾಗಿ ಹಾರುವುದನ್ನು ಕಂಡು ಬಾಯಿ ಮುಚ್ಚಿದ. ಡ್ರಮ್ಮು ಇನ್ನೂ ತಿರುಗುತ್ತಿತ್ತು.

ಅಪ್ಪ ಬೆನ್ನು ತಿರುಗಿಸಿ ಅಂಗಿಯ ಸಿಪ್ಪೆ ಕೊಡವುತ್ತ ನಿಂತಿದ್ದ. "ಅಪ್ಪ, ತಡಿ ಅಂದ್ನಲ್ಲ, ಕೇಳಿಸ್ಲಿಲ್ವಾ?" ಎಂದಳು. ಅವನು ಕೊಡವುತ್ತಲೇ ಇದ್ದ. ಮಾಸ್ಕು ಕಿತ್ತು, "ಅಪ್ಪ!" ಎಂದಳು. ಕೊಡವುತ್ತಲೇ ಇದ್ದ. ಆ ಬೆನ್ನಿಗೆ, ಗಟ್ಟಿಯಾಗಿ, "ಅಪ್ಪ, ಶೆಡ್ಡಿಗೆ ಬೆಂಕಿ ಬಿದ್ದಿದೆ," ಎಂದಳು.

ಅಪ್ಪ ತೋಳಿನ ಮೇಲಿದ್ದ ಕೊನೆಯ ಸಿಪ್ಪೆಯನ್ನು ತೆಗೆದು, ನಿಧಾನವಾಗಿ ತಿರುಗಿ, ಅವಳ ತುಟಿ ಮುಚ್ಚಿರುವುದನ್ನು ನೋಡಿದ. ಏನೋ ಹೇಳಿರಬೇಕು ಎಂದುಕೊಂಡು, "ಹೂಂ," ಎಂದ.

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಅಪ್ಪನಿಗೆ ಅರ್ಥವಾಯಿತು. ಪಕ್ಕದಲ್ಲಿ ಕೂತರೆ ಅವಳ ಬಾಯಿ ಕಾಣುವುದಿಲ್ಲವೆಂದು ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತ.

"ಯಾವಾಗಿಂದ?" ಎಂದಳು, ಬಿಡಿಬಿಡಿಯಾಗಿ.

"ಮೊದಲು ಗಡಿಯಾರ ಹೋಯ್ತು. ನಿಂತಿದೆ ಅಂದ್ಕೊಂಡು ಸೆಲ್ ಬದಲಾಯಿಸ್ದೆ. ಆಮೇಲೆ ನಿಮ್ಮಮ್ಮನ ಚಪ್ಪಲಿ ಸದ್ದು. ಆಮೇಲೆ ಮಾತು. ಈ ಮಷೀನೊಂದು ಸ್ವಲ್ಪ ದಿನ ಉಳ್ಕೊಂಡಿತ್ತು. ಅದೂ ಹೋಯ್ತು."

"ಹೇಳ್ಬಾರದಿತ್ತಾ?"

"ಹೇಳಿದ್ರೆ ಮಷೀನು ಬಿಡಿಸ್ತಿದ್ದೆ ನೀನು."

"ಬಿಡಿಸ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ." ಅವನು ಅಂಗೈ ನೋಡಿಕೊಂಡ. "ನೀನು 'ನಿಂತಿತು' ಅನ್ನೋದು ತುಟೀಲಿ ಕಾಣ್ತಿತ್ತು, ಸಾಕಾಗಿತ್ತು. ಆ ದರಿದ್ರ ಬಟ್ಟೆ ಬಂತು."

ಹೀಗಿತ್ತು ಸಂಗತಿ. ಉಸಿರು ಕೇಳಬೇಕೆಂದು ಒಂದು ದಿನವೂ ಕಿವಿ ಮುಚ್ಚದೆ, ದಿನವಿಡೀ ಆ ಅಬ್ಬರವನ್ನು ಕುಡಿದು ಕುಡಿದು, ಕೊನೆಗೆ ಉಸಿರೇ ಕೇಳದ ಹಾಗಾಗಿದ್ದ. ಹತ್ತು ಬೆರಳಿಗೆ ಎರಡು ಕಿವಿ ಕೊಟ್ಟಿದ್ದ. ಮಗಳು ಅವನ ಕೆಮ್ಮು ನೋಡಿ ತಂದ ಬಟ್ಟೆ ಆ ಬೆರಳುಗಳನ್ನೂ ಕೊಂಡೊಯ್ಯುವುದರಲ್ಲಿತ್ತು. ಯಾರನ್ನು ಬೈಯುವುದು?

ಅವಳಿಗೆ ಆಗ ತನ್ನ ಗಂಟು ನೆನಪಾಯಿತು. ಕೇಳಬಾರದು ಎಂದು ಮನಸ್ಸು ಹೇಳಿತು, ಬಾಯಿ ಕೇಳಿತು. "ಅಪ್ಪ, ಆ ದೊಡ್ಡ ಮೇಜು ಮಾಡಿದ ದಿನ ನಾನು ಒಂದು ಮಾತು ಕೇಳಿದ್ದೆ. ಈ ಕೆಲಸ ನನ್ನ ಕೈಲಾಗುತ್ತಾ ಅಂತ. ನೀನು ಹೂಂ ಅಂದಿದ್ದೆ."

ಅಪ್ಪ ಅವಳ ತುಟಿಯನ್ನು ಎರಡೆರಡು ಸಲ ಓದುವವನಂತೆ ನೋಡಿದ. ಸುಳ್ಳು ಹೇಳಬಹುದಿತ್ತು. ಒಂದಕ್ಷರದ ಸುಳ್ಳು, ಅಭ್ಯಾಸವೂ ಆಗಿತ್ತು. ಆದರೆ ಕೆಲಸದ ವಿಷಯದಲ್ಲಿ ಅವನಿಗೆ ಸುಳ್ಳು ಬರುತ್ತಿರಲಿಲ್ಲ.

"ಯಾವಾಗ ಕೇಳಿದ್ಯೋ ಗೊತ್ತಿಲ್ಲ, ಪುಟ್ಟಿ. ನಿನ್ನ ಹಲಗೆ ಚೆನ್ನಾಗಿ ಬರ್ತಾವೆ. ಆದ್ರೆ ಹಲಗೆ ನೋಡಿ ಹೇಳೋನು ಗಿರಾಕಿ. ಮೇಸ್ತ್ರಿ ಕೇಳಿ ಹೇಳ್ಬೇಕು. ಬ್ಲೇಡು ಹೇಗೆ ಕಚ್ತಿದೆ, ಕೈ ಎಲ್ಲಿ ಹೆದರ್ತಿದೆ, ಎಲ್ಲಿ ಅವಸರ ಮಾಡ್ತಿದೆ, ಎಲ್ಲಾ ಸದ್ದಲ್ಲಿ ಇರುತ್ತೆ. ನೀನು ಮಷೀನಿಗೆ ಬರೋ ಹೊತ್ತಿಗೆ ನನ್ನ ಕಿವಿ ಹೋಗಿತ್ತು. ನಿನ್ನ ಕೆಲಸ ನಾನು ಕೇಳೇ ಇಲ್ಲ ಕಣೇ."

ಹೊರಗೆ ಕೂತು ಅವನು ಸುಮ್ಮನೆ ಚಹಾ ಕುಡಿಯುತ್ತಿದ್ದ ಅಷ್ಟೂ ಸಂಜೆಗಳು ಅವಳ ಕಣ್ಣ ಮುಂದೆ ಬಂದವು.

ಅಮ್ಮನಿಗೆ ಮಧ್ಯಾಹ್ನ ಊಟಕ್ಕೆ ಹೋದಾಗ ಹೇಳಿದರು. ಅಮ್ಮ ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದಳು. "ಹಾಗಾದ್ರೆ ನಾನು ಬೈದಿದ್ದೆಲ್ಲ ದಂಡ!" ಎಂದು ನಗಲು ಹೋದವಳು ಅರ್ಧಕ್ಕೇ ನಿಂತಳು. ಮಗಳ ಕಡೆ ತಿರುಗಿ, ಗಂಡನಿಗೆ ಹೇಗೂ ಕೇಳಿಸುವುದಿಲ್ಲ ಎನ್ನುವುದು ಆಗಲೇ ರೂಢಿಯಾದವಳಂತೆ, "ಹೋಗ್ಲಿ, ಬೈದಿದ್ದು ಹೋಗ್ಲಿ. ದೀಪ ಆರಿಸಿದ ಮೇಲೆ ಏನೇನೋ ಹೇಳ್ಕೋತಿದ್ದೆನಲ್ಲೇ," ಎಂದಳು.

ಮಾರನೆಯ ದಿನ ಮಗಳು ಶೆಡ್ಡಿಗೆ ಬಂದಾಗ ಅಪ್ಪ ಅವಳಿಗಿಂತ ಮುಂಚೆ ಬಂದಿದ್ದ. ಮಷೀನಿನ ಪ್ಲಗ್ಗು ಕಿತ್ತಿಟ್ಟು, ಪಕ್ಕದ ಜಾಲರಿ ಬಿಚ್ಚಿ, ಡ್ರಮ್ಮಿನ ಜೊತೆಗೇ ತಿರುಗುವ ಪುಲ್ಲಿಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಚುಕ್ಕೆ ಇಟ್ಟು, ಒಣಗಲೆಂದು ಊದುತ್ತಿದ್ದ. ಜಾಲರಿ ಮತ್ತೆ ಕೂರಿಸಿ, ಪ್ಲಗ್ಗು ಹಾಕಿ ಮಷೀನು ಓಡಿಸಿ ತೋರಿಸಿದ. ಜಾಲರಿಯೊಳಗೆ ಚುಕ್ಕೆ ಹೋಗಿ ಬಿಳಿಯ ಬಳೆಯಾಯಿತು.

"ಬಳೆ ಕಂಡ್ರೆ ಉಸಿರಿದೆ. ಚುಕ್ಕೆ ಕಂಡ್ರೆ ನಿಂತಿದೆ. ಅದಾದ ಮೇಲೆ ಪ್ಲಗ್ಗು ಕಿತ್ತು, ಆಮೇಲೆ ಕಡ್ಡೀಲಿ ಸಿಪ್ಪೆ ತೆಗಿ. ಕೈಯಲ್ಲಿ ಬೇಡ. ಕಿವಿ ಕಾನೂನು ಇವತ್ತಿಗೆ ಮುಗೀತು."

ಇಷ್ಟು ಹೇಳಿ, ಮಷೀನು ಆರಿಸಿ, ಬ್ಲೇಡು ಬಿಗಿಯುವ ಸ್ಪ್ಯಾನರನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಅದು ಅವನ ಜೇಬು ಬಿಟ್ಟು ಬೇರೆಡೆ ಇದ್ದದ್ದನ್ನು ಅವಳು ಕಂಡಿರಲಿಲ್ಲ. ಬಿಡಿಸುವ ಮೊದಲೇ ಅವನು ಬಿಟ್ಟಿದ್ದ. ಅವಳು ರಾತ್ರಿಯೆಲ್ಲ ಹೊಂದಿಸಿಕೊಂಡಿದ್ದ ಮಾತು ಬೇಕಾಗಲೇ ಇಲ್ಲ.

ಆಮೇಲೆ ಅಪ್ಪ ಮೊಳೆಯಿಂದ ಕಿವಿಮುಚ್ಚಳ ತೆಗೆದ. ಧೂಳು ಹೊಡೆದು, ಅಂಗಿಯ ತುದಿಯಲ್ಲಿ ಒರೆಸಿ, ಅವಳ ಮುಂದೆ ಹಿಡಿದ.

"ಬೇಡಪ್ಪ," ಎಂದಳು. ಏನೋ ಒಂದು ಆಸೆ ಅವಳಿಗೆ ಇನ್ನೂ ಇತ್ತು. "ನೀನು ಕೇಳ್ದೆ ಇದ್ರೆ ನಾನಾದ್ರೂ ಕೇಳ್ಕೋತೀನಿ. ಸದ್ದು ಹೇಗಿದೆ ಅಂತ ನಿನಗೆ ಬಂದು ಹೇಳ್ತೀನಿ. ಸರಿಯೋ ತಪ್ಪೋ ನೀನು ಹೇಳು."

"ಎಷ್ಟು ವರ್ಷ ಕೇಳ್ಕೋತೀಯ? ನನ್ನಷ್ಟು ವರ್ಷ." ಅವನೇ ಅವಳ ತಲೆಯ ಮೇಲೆ ಹಾಕಿದ, ಕೂದಲು ಸಿಕ್ಕಿಕೊಳ್ಳದಂತೆ ಕಿವಿಯ ಹಿಂದೆ ಸರಿಸಿ, ಎರಡೂ ಕಡೆ ಅಂಗೈಯಿಂದ ಒತ್ತಿದ. ಶೆಡ್ಡು ದೂರ ಹೋಯಿತು. ಅಪ್ಪನ ತುಟಿ ಅಲುಗಿತು. ಏನಂದ ಎಂದು ಅವಳಿಗೆ ಗೊತ್ತಾಗಲಿಲ್ಲ. ಸುಮ್ಮನೆ "ಹೂಂ," ಎಂದಳು.

ಅವಳು ಮಾಸ್ಕು ಹಾಕಿ ಹಲಗೆ ಕೊಟ್ಟಳು. ಮಷೀನಿನ ಅಬ್ಬರ ಗೋಡೆಯಾಚೆಯ ಗೊಣಗಾಟದಷ್ಟಾಗಿ, ಒಂದು ನಡುಕ ಮಾತ್ರ ಅಂಗೈಗೆ ಬಂತು. ಸಿಪ್ಪೆ ಸುರುಳಿ ಸುರುಳಿಯಾಗಿ ಬಿದ್ದಿತು. ಅಪ್ಪ ಜಾಲರಿಯ ಮುಂದೆ ಸ್ಟೂಲು ಹಾಕಿಕೊಂಡು ಬಿಳಿ ಬಳೆಯನ್ನೇ ನೋಡುತ್ತ ಕೂತಿದ್ದ. ಹಲಗೆ ಮುಗಿಸಿ ಸ್ವಿಚ್ಚು ಆರಿಸಿದಳು. ಮಾಸ್ಕನ್ನು ಗಲ್ಲದ ಕೆಳಗಿಳಿಸಿ ಅವನ ಕಡೆ ತಿರುಗಿ, ತನ್ನ ದನಿ ತನಗೇ ಸರಿಯಾಗಿ ಕೇಳದೆ, "ಉಸಿರು?" ಎಂದಳು. ಅಪ್ಪ ಅದನ್ನು ಕಂಡ. ಮತ್ತೆ ಜಾಲರಿಯ ಕಡೆ ತಿರುಗಿ, ಬಳೆ ಚುಕ್ಕೆಯಾಗುವವರೆಗೆ ಕಾದು, ಅವಳಿಗೆ ಕಾಣುವಂತೆ ಮುಖವೆತ್ತಿ ಹೇಳಿದ. ಅವಳು ತುಟಿಯಲ್ಲಿ ಓದಿಕೊಂಡಳು: ನಿಂತಿತು.

ಚಿಕ್ಕ ಮೇಸ್ತ್ರಿಯ ಕೆಲಸ ಚೆನ್ನಾಗಿದೆ ಎಂದು ಗಿರಾಕಿಗಳು ಈಗಲೂ ಹೇಳುತ್ತಾರೆ, ಹಲಗೆ ಸವರಿ ನೋಡಿ. ಅದರ ಸದ್ದು ಹೇಗಿದೆ ಎನ್ನುವುದು ಮಾತ್ರ ಆ ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲ.